ಸತ್ತವರ ಪುಸ್ತಕದಲ್ಲಿ ಬಟ್ಟೆ ಬಾಡಿಗೆಯ ಲೆಕ್ಕ: ಸ್ಕಾಟ್ಲೆಂಡ್ಸ್‌ಪೀಪಲ್ ಬಳಸಿ ನೋಡಿದ ಮೇಲೆ

ಸ್ಕಾಟ್ಲೆಂಡ್ಸ್‌ಪೀಪಲ್ ಅನ್ನುವುದು ಸ್ಕಾಟ್ಲೆಂಡಿನ ಹಳೆಯ ಹುಟ್ಟು, ಮದುವೆ, ಸಾವಿನ ದಾಖಲೆ ಹುಡುಕುವ ಜಾಲತಾಣ, ಕೊಟ್ಟ ದುಡ್ಡಿಗೆ ಮೋಸ ಮಾಡುವುದಿಲ್ಲ. ಸ್ಕಾಟ್ಲೆಂಡಿನವರ ಜೊತೆ ಬೀಗತನ ಬೆಳೆಸಿದವರು, ಅಲ್ಲಿ ಹಿರೀಕರು ಇದ್ದವರು ಧೈರ್ಯವಾಗಿ ಖಾತೆ ತೆರೆಯಬಹುದು. ಆದರೆ 1855ಕ್ಕಿಂತ ಹಿಂದೆ ಸತ್ತವರನ್ನು ಹುಡುಕೋಕೆ ಹೊರಟಿದ್ದರೆ ಸ್ವಲ್ಪ ನಿಧಾನ. ಅಲ್ಲಿ ಇರುವುದು ನಾವು ಅಂದುಕೊಳ್ಳುವಂಥ ಮರಣ ರಿಜಿಸ್ಟರ್ ಅಲ್ಲ. ಎಷ್ಟೋ ಊರುಗಳಲ್ಲಿ ಅದು ಬರೀ ಜಮಾ-ಖರ್ಚಿನ ಪುಸ್ತಕ. ಹಾಗೆಯೇ ಓದಿದರೆ ಮಾತ್ರ ಅದು ಬಾಯಿ ಬಿಡುತ್ತದೆ.

ನಾನು ಮಂಡ್ಯದವನು. ಕೆಲಸದಲ್ಲಿ ಇದ್ದಷ್ಟು ಕಾಲ ಜನನ-ಮರಣ ನೋಂದಣಿಯ ಟೇಬಲ್ಲಿನಲ್ಲೇ ಕೂತಿದ್ದವನು. ಮಗ ಸ್ಕಾಟ್ಲೆಂಡಿನ ಡಂಡೀಯಲ್ಲಿ ಇದ್ದಾನೆ, ಸೊಸೆ ಆ ಕಡೆಯವಳೇ. ಮೊಮ್ಮಗಳಿಗೆ ಸ್ಕೂಲಿನಲ್ಲಿ ವಂಶವೃಕ್ಷ ಬರೆದುಕೊಂಡು ಬಾ ಅಂದಿದ್ದರು. ನಮ್ಮ ಕಡೆಯದನ್ನು ಫೋನಿನಲ್ಲೇ ಹೇಳಿ ಮುಗಿಸಿದೆ. ಸೊಸೆಯ ಕಡೆಯದು ಅವಳ ಮುತ್ತಜ್ಜನ ಹತ್ತಿರ ನಿಂತುಬಿಟ್ಟಿತ್ತು. 'ಮಾವ ಇದೇ ಕೆಲಸ ಮಾಡಿದವರು ಅಲ್ವಾ, ಅವರನ್ನೇ ಕೇಳು' ಅಂತ ಮಗನ ಬಾಯಲ್ಲಿ ಹೇಳಿ ಕಳಿಸಿದಳು. ರಿಟೈರ್ ಆದವನಿಗೆ ಇನ್ನೇನು ಬೇಕು?

ಈ ಜಾಲತಾಣವನ್ನು ನಡೆಸುವುದು ಅಲ್ಲಿನ ಸರ್ಕಾರಿ ದಾಖಲೆಗಳ ಇಲಾಖೆ. ಹೆಸರು ಹಾಕಿ ಹುಡುಕೋಕೆ ದುಡ್ಡಿಲ್ಲ. ಮೂಲ ಪುಟದ ಚಿತ್ರ ಬೇಕೆಂದರೆ ಪುಟಕ್ಕೆ 6 ಕ್ರೆಡಿಟ್. ನಾನು ಕೊಂಡಾಗ 30 ಕ್ರೆಡಿಟ್ಟಿಗೆ ಏಳೂವರೆ ಪೌಂಡು ಇತ್ತು. ಒಮ್ಮೆ ಕೊಂಡ ಪುಟ ನಮ್ಮ ಖಾತೆಯಲ್ಲೇ ಇರುತ್ತದೆ, ಯಾವಾಗ ಬೇಕಾದರೂ ತೆಗೆದು ನೋಡಬಹುದು. ನನ್ನ ಕಾರ್ಡಿನಲ್ಲಿ ಹೊರದೇಶಕ್ಕೆ ದುಡ್ಡು ಕಟ್ಟುವುದು ಬಂದ್ ಆಗಿತ್ತು, ಹಾಗಾಗಿ ಮಗನೇ ಕಟ್ಟಿದ. ಸಾವಿನ ದಾಖಲೆಯಾದರೆ 50 ವರ್ಷ ಹಳೆಯದಾಗಿದ್ದರೆ ಮಾತ್ರ ಪುಟದ ಚಿತ್ರ ಮನೆಯಲ್ಲೇ ಕೂತು ನೋಡಬಹುದು. ಹುಟ್ಟಿನದಕ್ಕೆ 100 ವರ್ಷ, ಮದುವೆಯದಕ್ಕೆ 75.

ಸ್ಕಾಟ್ಲೆಂಡಿನಲ್ಲಿ ಸರ್ಕಾರವೇ ಹುಟ್ಟು-ಸಾವು ಬರೆದುಕೊಳ್ಳೋಕೆ ಶುರು ಮಾಡಿದ್ದು 1855ರ ಜನವರಿ 1ರಂದು. ಅದಕ್ಕೂ ಹಿಂದಿನದೆಲ್ಲ ಚರ್ಚಿನ ಪುಸ್ತಕಗಳು. 1553ರಿಂದ 1854ರವರೆಗಿನವು, ಸುಮಾರು 3,500 ಸಂಪುಟ. ಒಂದೊಂದು ಚರ್ಚಿನ ಸರಹದ್ದಿಗೆ ಪ್ಯಾರಿಷ್ ಅಂತಾರೆ. ನಮ್ಮ ಹೋಬಳಿ ಇದ್ದ ಹಾಗೆ ಅಂದುಕೊಳ್ಳಿ. ಅಂಥವು 900ಕ್ಕೂ ಜಾಸ್ತಿ. ನಾಮಕರಣದ ಪುಸ್ತಕ ಪರವಾಗಿಲ್ಲ, ಮದುವೆಯದೂ ಇದೆ. ಹೂಳಿದ್ದರ ಪುಸ್ತಕ ಮಾತ್ರ ಎಷ್ಟೋ ಪ್ಯಾರಿಷ್‌ಗಳಲ್ಲಿ ಇಲ್ಲವೇ ಇಲ್ಲ. ಇರುವ ಕಡೆಯೂ ನಡುನಡುವೆ ವರ್ಷಗಟ್ಟಲೆ ಖಾಲಿ.

ಯಾಕೆ ಅಂತೀರಾ? ದುಡ್ಡು. ಶವದ ಪೆಟ್ಟಿಗೆಯ ಮೇಲೆ ಹೊದಿಸೋಕೆ ಚರ್ಚಿನವರ ಹತ್ತಿರ ಒಂದು ಮಖಮಲ್ಲಿನ ಬಟ್ಟೆ ಇರುತ್ತಿತ್ತು. ಅದಕ್ಕೆ ಮಾರ್ಟ್‌ಕ್ಲಾತ್ ಅಂತ ಹೆಸರು. ಬೇಕಾದವರು ಬಾಡಿಗೆ ಕೊಟ್ಟು ಒಯ್ಯಬೇಕು. ಚೆನ್ನಾಗಿರುವ ಬಟ್ಟೆಗೆ ಒಂದು ದರ, ಹಳೆಯದಕ್ಕೆ ಇನ್ನೊಂದು, ಮಕ್ಕಳಿಗೆ ಅಂತ ಚಿಕ್ಕದೊಂದು. ಬಂದ ದುಡ್ಡು ಊರಿನ ಬಡವರ ನಿಧಿಗೆ. ಚರ್ಚಿನ ಗುಮಾಸ್ತ ಬರೆದಿಟ್ಟಿದ್ದು ಆ ಬಾಡಿಗೆಯ ಲೆಕ್ಕವನ್ನು. ಸತ್ತವನ ಹೆಸರು ಅದರಲ್ಲಿ ಬಂದಿದ್ದು, ದುಡ್ಡು ಯಾರ ಬಾಬ್ತು ಅಂತ ಗೊತ್ತಾಗಲಿ ಅಂತ ಅಷ್ಟೇ. ವಯಸ್ಸಿಲ್ಲ, ಕಾರಣವಿಲ್ಲ, ತಂದೆ-ತಾಯಿ ಹೆಸರಂತೂ ಕೇಳಲೇಬೇಡಿ. ತಾರೀಕು ಕೂಡ ಕೆಲವು ಕಡೆ ಸತ್ತಿದ್ದೂ ಅಲ್ಲ, ಹೂಳಿದ್ದೂ ಅಲ್ಲ, ದುಡ್ಡು ಬಂದ ದಿನದ್ದು.

ಇಷ್ಟು ತಿಳಿದ ಮೇಲೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ. ಕೆಲವು ಕಡೆ ಬಡವರಿಗೆ ಬಟ್ಟೆಯನ್ನು ಪುಕ್ಕಟೆ ಕೊಡುತ್ತಿದ್ದರು. ಪುಕ್ಕಟೆ ಅಂದಮೇಲೆ ಜಮಾ ಇಲ್ಲ, ಜಮಾ ಇಲ್ಲದಿದ್ದರೆ ಹೆಸರು ಬರೆಯುವ ದರ್ದೂ ಇಲ್ಲ. ಕಸುಬಿನ ಸಂಘದವರು ಎಷ್ಟೋ ಕಡೆ ತಮ್ಮದೇ ಬಟ್ಟೆ ಇಟ್ಟುಕೊಂಡಿದ್ದರು. ಅಂಥ ಸಂಘದ ಸದಸ್ಯ ಸತ್ತರೆ ಚರ್ಚಿಗೆ ಬಾಡಿಗೆ ಇಲ್ಲ, ಅಲ್ಲೂ ಹೆಸರು ಹೋಯಿತು. ಇದರ ಮೇಲೆ 1783ರಿಂದ 1794ರವರೆಗೆ ಸರ್ಕಾರ ಒಂದೊಂದು ನಮೂದಿಗೆ 3 ಪೆನ್ನಿ ತೆರಿಗೆ ಹಾಕಿತ್ತು. ಜನ ಸುಮ್ನೆ ಬರೆಸೋದನ್ನೇ ಬಿಟ್ಟರು. ಉಚಿತವಾಗಿ ಬರೆದುಕೊಳ್ಳುತ್ತೇವೆ, 21 ದಿನದೊಳಗೆ ಬನ್ನಿ ಅಂದರೂ ಬಾರದ ಜನರನ್ನು ನೋಡಿದವನು ನಾನು. ಕಾಸು ಕೇಳಿದರೆ ಯಾರು ಬರುತ್ತಾರೆ ಹೇಳಿ!

ನಮ್ಮ ಕೆಲಸ ಶುರುವಾಗಿದ್ದು ಒಂದು ಗೋರಿಯ ಕಲ್ಲಿನಿಂದ. ಬೀಗಿತ್ತಿ ಆಂಗಸ್ ಸೀಮೆಯ ಒಂದು ಹಳ್ಳಿಯ ಚರ್ಚಿನ ಅಂಗಳಕ್ಕೆ ಹೋಗಿ ಫೋಟೊ ತೆಗೆದು ಕಳಿಸಿದರು. ಮರಳುಗಲ್ಲು, ಪದರ ಪದರ ಎದ್ದು ಹೋಗಿದೆ. ಮೇಲೆ ತಲೆಬುರುಡೆ, ಅದರ ಪಕ್ಕ ಮರಳು ಗಡಿಯಾರ, ಕೆಳಗೆ ದೋಣಿಯಂತೆ ಎರಡೂ ತುದಿ ಚೂಪಾಗಿರುವ ಏನೋ ಒಂದು. ಮಗ ಅದನ್ನು ದೋಣಿ ಅಂದ, ಮೀನುಗಾರರ ಮನೆತನ ಇರಬೇಕು ಅಂದ. ನಾನು ಫೋನನ್ನು ದೊಡ್ಡದು ಮಾಡಿ ನೋಡಿದೆ. ನಡುವೆ ಉದ್ದಕ್ಕೆ ಒಂದು ಗುಳಿ ಇತ್ತು, ಅದರೊಳಗೆ ಕದಿರು ಕೂರುವ ಜಾಗ. ಲಾಳಿ ಅದು. ಮೇಲುಕೋಟೆಯ ಮಗ್ಗದ ಮನೆಯಲ್ಲಿ ಒಂದು ಮಧ್ಯಾಹ್ನ ಕೂತವರು ಯಾರಾದರೂ ಹೇಳುತ್ತಿದ್ದರು. ಅಲ್ಲಿನ ಹಳೆಯ ಕಲ್ಲುಗಳ ಮೇಲೆ ಕಸುಬಿನ ಗುರುತು ಕೆತ್ತುವುದು ರೂಢಿ. ಕಮ್ಮಾರರ ಸಂಘದವರಿಗೆ ಸುತ್ತಿಗೆ ಮತ್ತು ಕಿರೀಟ, ನೇಕಾರರಿಗೆ ಲಾಳಿ. ಡಂಡೀ ಊರಿನ ನಡುವೆಯೇ ಹೌಫ್ ಅನ್ನುವ ಹಳೆಯ ಸ್ಮಶಾನ ಇದೆ. 1564ರಲ್ಲಿ ರಾಣಿ ಮೇರಿ ಊರಿಗೆ ಕೊಟ್ಟ ಜಾಗ. ಊರಿನ ಒಂಬತ್ತು ಕಸುಬಿನ ಸಂಘದವರು ಅಲ್ಲೇ ಸಭೆ ಸೇರುತ್ತಿದ್ದರಂತೆ. ಮೊಮ್ಮಗಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಗುರುತುಗಳನ್ನು ಓದಿಸು ಅಂತ ಮಗನಿಗೆ ಹೇಳಿದೆ. ಅದರ ಮಾಹಿತಿಯನ್ನು ಡಂಡೀ ನಗರ ಪತ್ರಾಗಾರದ ಗೆಳೆಯರ ಬಳಗ ಉಚಿತವಾಗಿ ಜಾಲದಲ್ಲಿ ಇಟ್ಟಿದೆ.

ಕಲ್ಲಿನಲ್ಲಿ ನೇಕಾರನ ಹೆಸರು, ಸತ್ತ ವರ್ಷ 1838, ಹೆಂಡತಿಯ ಹೆಸರು, 'ಚಿಕ್ಕಂದಿನಲ್ಲೇ ತೀರಿಕೊಂಡ ಮಕ್ಕಳು' ಅನ್ನುವ ಒಂದು ಸಾಲು. ಹೆಂಡತಿಯದು ತವರಿನ ಮನೆತನದ ಹೆಸರೇ. ಅಲ್ಲಿನ ಕಲ್ಲು, ಪುಸ್ತಕ ಎರಡರಲ್ಲೂ ಹೆಂಗಸರು ತವರಿನ ಹೆಸರಿನಲ್ಲೇ ಇರುವುದು ಮಾಮೂಲು. ಹುಡುಕುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ.

ನೇಕಾರನ ಹೆಸರು ಹಾಕಿ ಹುಡುಕಿದರೆ ಏನೂ ಇಲ್ಲ. ಆಮೇಲೆ ಮೊದಲ ಹೆಸರಿನ ಜಾಗ ಖಾಲಿ ಬಿಟ್ಟು, ಮನೆತನದ ಹೆಸರು ಮತ್ತು ಪ್ಯಾರಿಷ್ ಮಾತ್ರ ಹಾಕಿದೆ. ಇದನ್ನು ಎಲ್ಲರಿಗೂ ಹೇಳುತ್ತೇನೆ, ಖಾಲಿ ಬಿಟ್ಟು ಹುಡುಕಿ. ಒಂದು ನಮೂದು ಬಂತು. 6 ಕ್ರೆಡಿಟ್ ಕೊಟ್ಟು ತೆರೆದರೆ ಪುಟದ ತುಂಬ ಲೆಕ್ಕ. ಎಡಕ್ಕೆ ತಾರೀಕು, ಬಲಕ್ಕೆ ಶಿಲ್ಲಿಂಗು-ಪೆನ್ನಿ, ನಡುವೆ ಇಂಥವನ ಮಗು, ಚಿಕ್ಕ ಬಟ್ಟೆ. ಮಗುವಿನ ಹೆಸರಿಲ್ಲ. ಗಂಡೋ ಹೆಣ್ಣೋ ಅದೂ ಇಲ್ಲ.

ಆ ಮಗುವಿಗೆ ಹೆಸರು ಸಿಕ್ಕಿದ್ದು ತಾಯಿ ಸತ್ತ ಕಾಗದದಲ್ಲಿ. ಆಕೆ ತೀರಿಕೊಂಡಿದ್ದು 1855ರಲ್ಲಿ, ಅದೇ ನಮ್ಮ ಪುಣ್ಯ. ಆ ಮೊದಲ ವರ್ಷದ ಫಾರಂ ನೋಡಿ ನಾನು ದಂಗಾದೆ. ಸತ್ತವರು ಎಲ್ಲಿ ಹುಟ್ಟಿದ್ದು, ಈ ಊರಿಗೆ ಬಂದು ಎಷ್ಟು ವರ್ಷ, ತಂದೆ ಹೆಸರು, ತಂದೆಯ ಕಸುಬು, ತಾಯಿಯ ತವರಿನ ಹೆಸರು, ಮದುವೆಯಾಗಿದ್ದು ಯಾರನ್ನು, ಹುಟ್ಟಿದ ಮಕ್ಕಳೆಲ್ಲ ಸಾಲಾಗಿ, ಬದುಕಿದ್ದರೆ ವಯಸ್ಸು, ಇಲ್ಲದಿದ್ದರೆ ಸತ್ತದ್ದು ಯಾವಾಗ. ಏನು ಕಾಯಿಲೆ, ಎಷ್ಟು ದಿನ ಮಲಗಿದ್ದರು, ಡಾಕ್ಟರು ಕೊನೆಯ ಸಲ ನೋಡಿದ್ದು ಯಾವಾಗ, ಎಲ್ಲಿ ಹೂಳಿದರು. ಇಷ್ಟು ಕಾಲಂ ಇಟ್ಟು ಗುಮಾಸ್ತನ ಮುಂದೆ ಜನ ನಿಲ್ಲಿಸಿದರೆ ಏನಾಗುತ್ತದೆ ಅಂತ ನನಗೆ ಗೊತ್ತು. ಮರುವರ್ಷವೇ ಹುಟ್ಟಿದೂರು, ಮಕ್ಕಳ ಪಟ್ಟಿ ಎಲ್ಲ ಕೈಬಿಟ್ಟರು. ಹೂಳಿದ ಜಾಗದ ಕಾಲಂ ಮಾತ್ರ 1860ರವರೆಗೆ ಉಳಿಯಿತು. ನಮ್ಮ ಅಜ್ಜಿಯ, ಅಂದರೆ ಆ ನೇಕಾರನ ಹೆಂಡತಿಯ, ಕಾಗದದಲ್ಲಿ ಮಕ್ಕಳ ಸಾಲಿನ ಮೂರನೆಯ ಹೆಸರು ಒಂದು ಹೆಣ್ಣುಮಗುವಿನದು. ಸತ್ತ ವರ್ಷ ಬಟ್ಟೆ ಬಾಡಿಗೆಯ ಪುಟಕ್ಕೆ ಸರಿಯಾಗಿ ಕೂತಿತು. ಹೂಳಿದ ಜಾಗ, ಬೀಗಿತ್ತಿ ಫೋಟೊ ತೆಗೆದ ಅದೇ ಅಂಗಳ. ಆ ಅಜ್ಜಿಯ ತಂದೆ-ತಾಯಿ ಹೆಸರೂ ಸಿಕ್ಕಿ, ಮೊಮ್ಮಗಳ ಮರಕ್ಕೆ ಇನ್ನೊಂದು ತಲೆಮಾರು ಸೇರಿತು.

ಹಾಗಾಗಿ ದುಡ್ಡು ಹಾಕುವ ಕ್ರಮ ಹೀಗಿರಲಿ. ಮೊದಲು 1855ರ ಈಚೆ ಸತ್ತ ವಿಧವೆ, ಹಿರಿಯಕ್ಕ, ಕೊನೆಯ ತಮ್ಮ ಯಾರಾದರೂ ಇದ್ದಾರಾ ನೋಡಿ. ಅವರ ಕಾಗದ ಕೊಂಡು, ಆಮೇಲೆ ಹಿಂದಿನ ಪುಸ್ತಕಕ್ಕೆ ಹೋಗಿ. ಮದುವೆಯಾದ ಹೆಂಗಸನ್ನು ಗಂಡನ ಮನೆತನ, ತವರಿನ ಮನೆತನ ಎರಡರಲ್ಲೂ ಹುಡುಕಬಹುದು. ಕಾಗದ ಕೈಗೆ ಬಂದಾಗ ಮೊದಲು ಕೆಳಗಿನ ಸಹಿ ನೋಡಿ. ಮಾಹಿತಿ ಕೊಟ್ಟವನು ಮಗನಾದರೆ ಅಜ್ಜಿಯ ತವರಿನ ಹೆಸರು ನಂಬಬಹುದು. ಪಕ್ಕದ ಮನೆಯವನಾದರೆ ಇನ್ನೊಂದು ಸಾಕ್ಷಿ ಬೇಕು. ನಮ್ಮ ಟೇಬಲ್ಲಿನಲ್ಲೂ ಅಷ್ಟೇ, 'ಅಜ್ಜಿಗೆ ಒಂದು ಎಂಬತ್ತು ಬರ್ಕೊಳಿ ಸಾರ್' ಅಂದವರ ವಯಸ್ಸು ಯಾವತ್ತೂ ಸೊನ್ನೆಯಲ್ಲೇ ಮುಗಿಯುತ್ತಿತ್ತು.

ಕಲ್ಲನ್ನೂ ಪೂರ್ತಿ ನಂಬೋ ಹಾಗಿಲ್ಲ. ನೆಟ್ಟವರು ಯಾರು ಅಂತ ಮೊದಲ ಸಾಲಿನಲ್ಲೇ ಇರುತ್ತದೆ. ನಮ್ಮ ಕಲ್ಲನ್ನು ನೆಟ್ಟಿದ್ದು ಮಗ, ಕೈಯಲ್ಲಿ ನಾಲ್ಕು ಕಾಸು ಆಡಿದ ಮೇಲೆ. ಅಪ್ಪನ ವಯಸ್ಸು ಅವನ ನೆನಪಿನಿಂದ ಬಂದದ್ದು. ಕಲ್ಲು ಬರೆಸುವುದರಲ್ಲಿ ನಮ್ಮ ಜಿಲ್ಲೆಯವರು ಗಟ್ಟಿಗರು ಬಿಡಿ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸುಮಾರು ಕ್ರಿ.ಶ. 949-50ರಲ್ಲಿ ಹಂದಿಯ ಜೊತೆ ಕಾದಾಡಿ ಸತ್ತ ಕಾಳಿ ಅನ್ನುವ ನಾಯಿಗೆ ಕಲ್ಲು ಹಾಕಿಸಿದರು. ಯಾರ ನಾಯಿ, ಯಾರು ಕೊಟ್ಟಿದ್ದು, ಎಲ್ಲ ಇದೆ. ಸ್ಕಾಟ್ಲೆಂಡಿನ ಬಡ ಮಗುವಿಗೆ ಅಷ್ಟೂ ಸಿಗಲಿಲ್ಲ.

ಫೋಟೊ ತೆಗೆಯುವವರಿಗೆ ಒಂದು ಮಾತು. ಸವೆದ ಅಕ್ಷರದ ಮೇಲೆ ಸೀಮೆಸುಣ್ಣ ಉಜ್ಜಬೇಡಿ, ಶೇವಿಂಗ್ ಕ್ರೀಮ್ ಬಳಿಯಬೇಡಿ, ತಂತಿ ಬ್ರಷ್ ಹತ್ತಿರವೂ ತರಬೇಡಿ. ಮರಳುಗಲ್ಲು ಪುಡಿಪುಡಿಯಾಗಿ ಉದುರುತ್ತದೆ. ಬೆಳಕನ್ನು ಪಕ್ಕದಿಂದ ಹಾಯಿಸಿದರೆ ಸಾಕು. ನಾನು ಇದನ್ನು ಕಲಿತಿದ್ದು ಶ್ರೀರಂಗಪಟ್ಟಣದ ಗ್ಯಾರಿಸನ್ ಸಿಮೆಟ್ರಿಯಲ್ಲಿ. ಹೆದ್ದಾರಿಯಿಂದ ಸ್ವಲ್ಪ ಒಳಗೆ, ಕಾವೇರಿ ದಡದಲ್ಲಿ ಇದೆ, ಸುಮಾರು 300 ಗೋರಿಗಳು. ಮಗ ಸಂಸಾರ ಸಮೇತ ಬಂದಿದ್ದಾಗ ಹೋಗಿದ್ದೆವು. ಮನೆಯ ಗೋಡೆಯ ಮೇಲಿದ್ದ ಕನ್ನಡಿ ಕಿತ್ತುಕೊಂಡು ಹೋಗಿದ್ದೆ, ಹೆಂಡತಿ ಬೈದಳು. ಬಿಸಿಲನ್ನು ಕನ್ನಡಿಯಲ್ಲಿ ಹಿಡಿದು ಕಲ್ಲಿನ ಮೈಗೆ ಓರೆಯಾಗಿ ಬಿಟ್ಟರೆ ಅಕ್ಷರದ ಅಂಚಿಗೆಲ್ಲ ನೆರಳು ಕೂರುತ್ತದೆ. ಮೊಮ್ಮಗಳು 'ತಾತ, ಇಲ್ಲಿ ಒಂದು ಏಳು ಬಂತು' ಅಂತ ಕೂಗಿದಳು. ಬೀಗಿತ್ತಿ ಈಗ ಸಂಜೆ ಹೊತ್ತು ಟಾರ್ಚ್ ಹಿಡಿದು ಹೋಗುತ್ತಾರೆ.

1799ರಲ್ಲಿ ಟಿಪ್ಪುವಿನ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಬ್ರಿಟಿಷರ ದಂಡಿನಲ್ಲಿ ಸ್ಕಾಟ್ಲೆಂಡಿನವರು ಬಹಳ ಇದ್ದರು. ಹೈಲ್ಯಾಂಡ್ ಪಡೆಗಳು, ಸ್ಕಾಚ್ ಬ್ರಿಗೇಡ್ ಬಂದಿದ್ದವು. ಮೇ 4ರ ದಾಳಿಯ ಮುಂದಾಳು ಡೇವಿಡ್ ಬೇರ್ಡ್ ಕೂಡ ಆ ನಾಡಿನವನೇ. ಹೀಗೆ ಇಲ್ಲಿ ಬಂದು ಸತ್ತವರು ತಮ್ಮೂರಿನ ಪ್ಯಾರಿಷ್ ಪುಸ್ತಕದಲ್ಲಿ ಸಿಗುವುದಿಲ್ಲ. ಅಲ್ಲಿ ಹೂಳಿಲ್ಲ, ಬಟ್ಟೆ ಬಾಡಿಗೆ ಬಂದಿಲ್ಲ. ಮನೆಯವರ ಕಲ್ಲಿನಲ್ಲಿ ಇಂಡಿಯಾದಲ್ಲಿ ತೀರಿಕೊಂಡ ಅಂತ ಒಂದು ಸಾಲು ಇದ್ದರೂ ಇರಬಹುದು. ಅಂಥವರಿಗೆ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳು ಬೇಕು. ಮದ್ರಾಸಿನ ಕಡೆಯ ಚರ್ಚುಗಳ ವರದಿ ಎನ್/2 ಅನ್ನುವ ಸಾಲಿನಲ್ಲಿದೆ. ಮೊದಲು ಬ್ರಿಟಿಷ್ ಇಂಡಿಯಾದಲ್ಲಿದ್ದ ಮನೆತನಗಳ ದಾಖಲೆ ಕಲೆಹಾಕುವ ಫಿಬಿಸ್ ಅನ್ನುವ ಸಂಸ್ಥೆಯ ಜಾಲತಾಣದಲ್ಲಿ ಹೆಸರು ಹಾಕಿ ನೋಡಿ, ಅಲ್ಲಿ ಹುಡುಕೋಕೆ ದುಡ್ಡಿಲ್ಲ.

ಸ್ಕಾಟ್ಲೆಂಡ್ಸ್‌ಪೀಪಲ್‌ನಲ್ಲಿ ಜಾಸ್ತಿ ಜನ ಮುಟ್ಟದ ಒಂದು ಭಾಗ ಇದೆ, ಚರ್ಚ್ ಸಮಿತಿಗಳ ನಡಾವಳಿ ಮತ್ತು ಲೆಕ್ಕದ ಪುಸ್ತಕಗಳು. 2021ರಿಂದ ಇವನ್ನು ಪುಟ ತಿರುವಿ ಓದೋಕೆ ದುಡ್ಡಿಲ್ಲ, ಇಳಿಸಿಕೊಳ್ಳೋಕೆ ಮಾತ್ರ ಕ್ರೆಡಿಟ್ ಬೇಕು. ಹೆಸರು ಹಾಕಿ ಹುಡುಕೋಕೆ ಆಗುವುದಿಲ್ಲ, ಒಂದೊಂದೇ ಪುಟ ಓದಬೇಕು. ಬಡವರ ನಿಧಿಯಿಂದ ಯಾರ ಶವದ ಪೆಟ್ಟಿಗೆಗೆ ಕಾಸು ಕೊಟ್ಟರು ಅನ್ನುವುದು ಇಂಥಲ್ಲಿ ಸಿಗುತ್ತದೆ. ಬೇರೆಯವರಿಗೆ ಬೇಜಾರು ಬರಬಹುದು, ನನಗೆ ಹಬ್ಬ.

ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ. ಕಡಿಮೆಯಾದ ಒಂದು ಆ ಹಳೆಯ ಗುಮಾಸ್ತರ ಲೆಕ್ಕಕ್ಕೆ. ಖಾತೆಯಲ್ಲಿ ಇನ್ನೂ ಒಂದಿಷ್ಟು ಕ್ರೆಡಿಟ್ ಇದೆ. ಬೀಗಿತ್ತಿಯ ತಾಯಿಯ ಕಡೆಯವರು ಫೈಫ್‌ನವರಂತೆ, ಅವರಲ್ಲಿ 1855ರಲ್ಲಿ ಸತ್ತವರು ಯಾರಾದರೂ ಇದ್ದಾರಾ ಅಂತ ಕೇಳಿ ಕಳಿಸಿದ್ದೇನೆ.