ಟಾಟಾ 407, 13 ವರ್ಷದ ಬಳಕೆ: ದೊಡ್ಡ ಎಂಜಿನ್ ಯಾಕೆ ಹಾಕಿಸಲಿಲ್ಲ

ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ. ಅಂಗಳಕ್ಕೆ ಬರುವ ಕೊನೆಯ ಅರ್ಧ ಕಿಲೋಮೀಟರ್ ಬರೀ ಏರು, ನಡುವೆ ಎರಡು ತಿರುವು. ಹಾಗಾಗಿ ಇಲ್ಲಿ ಯಾವ ಗಾಡಿ ತಂದರೂ ಜನ ಕೇಳುವುದು ಒಂದೇ: ಲೋಡ್ ಹಾಕಿದರೆ ಹತ್ತುತ್ತದಾ? 2005ರ ಮಾಡೆಲ್ ಟಾಟಾ 407 ಸಣ್ಣ ಲಾರಿಯನ್ನು ನಾನು 2012ರಲ್ಲಿ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆ. ಅಡಿಕೆ ಮೂಟೆ, ಗೊಬ್ಬರ, ತೆಂಗಿನಕಾಯಿ, ಬೇಸಿಗೆಯಲ್ಲಿ ಕೆಂಪುಕಲ್ಲು. ಬದಿಯಡ್ಕ, ಕುಂಬಳೆ, ಅಡ್ಕಸ್ಥಳ ದಾಟಿ ವಿಟ್ಲ, ಪುತ್ತೂರು. ಈ 13 ವರ್ಷ ನಮ್ಮ ಮನೆಯ ಅನ್ನಕ್ಕೆ ಈ ಗಾಡಿಯ ಪಾಲು ದೊಡ್ಡದು.

ಎರಡು ವರ್ಷದ ಹಿಂದೆ ಅದು ಸೋಲತೊಡಗಿತು. ಮೊದಲು ಸೆಕೆಂಡ್ ಗೇರಿನಲ್ಲಿ ಹತ್ತುತ್ತಿದ್ದ ಏರಿಗೆ ಫಸ್ಟ್ ಬೇಕಾಯಿತು. ಒಂದು ಸಂಜೆ ಕಲ್ಲು ತುಂಬಿಕೊಂಡು ಬರುವಾಗ ಎರಡನೇ ತಿರುವಿನಲ್ಲಿ ನಿಂತೇಬಿಟ್ಟಿತು. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಅರ್ಧ ಲೋಡ್ ಅಲ್ಲೇ ಇಳಿಸಿದೆವು. ಅವತ್ತು ನನಗೆ ನಿಜವಾಗಿ ಹೆದರಿಕೆಯಾಯಿತು. ಹಿಂದೆ ಜಾರಿದ್ದರೆ ಕೆಳಗೆ ತೋಡು.

ಭಾವ ಅವತ್ತೇ ಹೇಳಿದ, "ಇದಕ್ಕೆ ದೊಡ್ಡ ಎಂಜಿನ್ ಹಾಕ್ಸು ಭಾವ, ಮತ್ತೆ ಹತ್ತು ವರ್ಷ ನೋಡ್ಬೇಕಾಗಿಲ್ಲ." ನಮಗೆ ಗೊತ್ತಿದ್ದ ಒಂದು ಗ್ಯಾರೇಜಿನಲ್ಲಿ, ಬಿಚ್ಚಿದ ಲಾರಿಯೊಂದರ 3.3 ಲೀಟರಿನ ಟರ್ಬೊ (ಗಾಳಿಯನ್ನು ಒತ್ತಿ ತುಂಬುವ ಭಾಗ) ಇರುವ ಎಂಜಿನ್ ಇತ್ತು. ಕೂರಿಸುವ ಕೆಲಸ ಸೇರಿ ಒಂದೂವರೆ ಲಕ್ಷ ಅಂದರು. ನಾನು ಅಡ್ವಾನ್ಸ್ ಕೊಡುವ ತನಕ ಹೋಗಿದ್ದೆ.

ನನ್ನ ಗಾಡಿಯದ್ದು 497 ಎಂಜಿನ್, ಟರ್ಬೊ ಇಲ್ಲದ್ದು. ಆ ನಂಬರಿಗೆ ಅರ್ಥ ಇದೆ. ಮೊದಲ 4 ಅಂದರೆ ಸಿಲಿಂಡರ್ ನಾಲ್ಕು. 97 ಅಂದರೆ ಬೋರ್, ಸಿಲಿಂಡರಿನ ಒಳಗಿನ ಅಗಲ, 97 ಮಿಲಿಮೀಟರ್. ಹಳೆಯ ದೊಡ್ಡ ಟಾಟಾ ಲಾರಿಗಳ 697 ಕೂಡ ಹಾಗೆಯೇ, ಅದೇ ಬೋರ್, ಸಿಲಿಂಡರ್ ಆರು. ನಾಲ್ಕು ಸಿಲಿಂಡರ್ ಸೇರಿ 2956 ಸಿಸಿ. ಇಷ್ಟು ದೊಡ್ಡ ಎಂಜಿನ್ ಹನ್ನೊಂದು ವರ್ಷ ಇದೇ ಏರನ್ನು ಇದೇ ಲೋಡಿನಲ್ಲಿ ಹತ್ತಿದೆ. ಹಾಗಾದರೆ ಈಗ ಸಣ್ಣದಾದದ್ದು ಹೇಗೆ? ಈ ಪ್ರಶ್ನೆ ತಲೆಗೆ ಬಂದ ಮೇಲೆ ನಾನು ಅಡ್ವಾನ್ಸ್ ಕೊಡಲಿಲ್ಲ.

ಬದಿಯಡ್ಕ ಕಡೆಯ ಒಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಏನನ್ನೂ ಬಿಚ್ಚಲಿಲ್ಲ. ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ತೆಗೆಸಿದರು. ಹೊಗೆ ಬುಸಬುಸ ಬಂತು. "ಅಣ್ಣಾ, ರಿಂಗ್ ಹೋಗಿದೆ, ಗಾಳಿ ಎಲ್ಲ ಕೆಳಗೆ ಇಳಿಯುತ್ತಾ ಇದೆ" ಅಂದರು. ರಿಂಗ್ ಅಂದರೆ ಪಿಸ್ಟನ್ ಸುತ್ತ ಗಾಳಿ ಸೋರದಂತೆ ತಡೆಯುವ ಬಳೆ. ಕಂಪ್ರೆಷನ್, ಅಂದರೆ ಸಿಲಿಂಡರಿನಲ್ಲಿ ಗಾಳಿಯ ಒತ್ತಡ, ನೋಡಿದಾಗ ಎರಡು ಸಿಲಿಂಡರಿನಲ್ಲಿ ತೀರಾ ಕಡಿಮೆ. ಡೀಸೆಲ್ ಎಂಜಿನಿಗೆ ಕಿಡಿ ಕೊಡುವ ಸ್ಪಾರ್ಕ್ ಪ್ಲಗ್ ಇಲ್ಲ, ಒತ್ತಿದ ಗಾಳಿಯ ಬಿಸಿಗೇ ಡೀಸೆಲ್ ಉರಿಯಬೇಕು. ಒತ್ತಡವೇ ಇಲ್ಲದಿದ್ದರೆ ಎಳೆತ ಎಲ್ಲಿಂದ ಬರಬೇಕು? ಏರ್ ಫಿಲ್ಟರ್ ತೆಗೆದರೆ ಕಲ್ಲುಕೋರೆಯ ಕೆಂಪು ಧೂಳು ಗಟ್ಟಿ ಕೂತಿತ್ತು. ರಿಂಗು, ಲೈನರ್ (ಸಿಲಿಂಡರಿನ ಒಳಗೋಡೆ) ಸವೆಯಲು ಆ ಧೂಳೇ ಕಾರಣ. ಅದಕ್ಕೂ ಮೊದಲು ಬೇರೊಂದು ಕಡೆ ಡೀಸೆಲ್ ಪಂಪ್ ರಿಪೇರಿ ಮಾಡಿಸಿದ್ದೆ, ಅಲ್ಲಿ ಎಳೆತ ಬರಲಿ ಅಂತ ಡೀಸೆಲ್ ಜಾಸ್ತಿ ಮಾಡಿಟ್ಟಿದ್ದರು. ಎಳೆತ ಬರಲಿಲ್ಲ, ಕಪ್ಪು ಹೊಗೆ ಬಂತು ಅಷ್ಟೇ.

ದೊಡ್ಡ ಎಂಜಿನ್ ಬಗ್ಗೆಯೂ ಅವರನ್ನೇ ಕೇಳಿದೆ. ಅವರು ಗಾಡಿಯ ಅಡಿಗೆ ಕರೆದುಕೊಂಡು ಹೋಗಿ ತೋರಿಸಿದರು. ಎಂಜಿನ್ ತಿರುಗಿಸುವ ಬಲ ಫಸ್ಟ್ ಗೇರಿನಲ್ಲಿ ಹಲವು ಪಟ್ಟು ಹೆಚ್ಚಿ, ಹಿಂದಿನ ಎಕ್ಸೆಲಿನ ಕ್ರೌನ್ ಪಿನಿಯನ್ ಹಲ್ಲುಚಕ್ರಗಳಲ್ಲಿ ಇನ್ನೂ ಹೆಚ್ಚಿ ಚಕ್ರಕ್ಕೆ ಬರುತ್ತದೆ. ಎಂಜಿನಿನ ಬಲ ಹೆಚ್ಚಿಸಿದರೆ ಕ್ಲಚ್, ಗೇರ್ ಬಾಕ್ಸ್, ಜಾಯಿಂಟ್, ಕ್ರೌನ್, ಎಕ್ಸೆಲ್ ಎಲ್ಲದರ ಮೇಲೂ ಭಾರ ಬೀಳುತ್ತದೆ. ಒಂದೊಂದಾಗಿ ಮುರಿಯುತ್ತವೆ. ರೇಡಿಯೇಟರ್ ದೊಡ್ಡದು ಬೇಕು. ಎಂಜಿನ್ ತೂಕ ಜಾಸ್ತಿಯಾದರೆ ಮುಂದಿನ ಸ್ಪ್ರಿಂಗ್ ಪಟ್ಟಿಗಳೂ ಬೇರೆ ಬೇಕು. ನನಗೆ ಎಲ್ಲಕ್ಕಿಂತ ನಾಟಿದ್ದು ಬ್ರೇಕಿನ ಮಾತು. ಬ್ರೇಕಿಗೆ ಸಹಾಯ ಮಾಡುವ ವ್ಯಾಕ್ಯೂಮ್ ಕೂಡ ಎಂಜಿನ್ ತಿರುಗಿಸುವ ಪಂಪಿನಿಂದಲೇ ಬರುವುದು. ಬೇರೆ ಎಂಜಿನ್ ಬಂದರೆ ಅದನ್ನೂ ಹೊಸದಾಗಿ ಜೋಡಿಸಬೇಕು. ಏರು ಹತ್ತಿದ ಗಾಡಿ ಇಳಿಯಲೇಬೇಕಲ್ವಾ? ಜಾಸ್ತಿ ಲೋಡ್ ಹತ್ತಿಸುವ ಎಂಜಿನ್ ಹಾಕಿ ಬ್ರೇಕ್ ಹಳೆಯದೇ ಇಟ್ಟುಕೊಂಡರೆ ಜೀವಕ್ಕೇ ಅಪಾಯ.

ಕಾನೂನಿನ ವಿಷಯ ನನಗೆ ಆಮೇಲೆ ತಿಳಿಯಿತು. ಕೇರಳದಿಂದ ಹೋದ ಕೇಸಿನಲ್ಲೇ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಕಂಪನಿ ಮಾಡಿಕೊಟ್ಟ, ಆರ್‌ಸಿಯಲ್ಲಿ ಬರೆದ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಿಸುವ ಹಾಗಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅದು. ಅದೇ ಮೇಕ್, ಅದೇ ಮಾದರಿಯ ಎಂಜಿನ್ ಹಾಕುವುದಕ್ಕೂ ಮೊದಲು ಆರ್‌ಟಿಒ ಒಪ್ಪಿಗೆ ಬೇಕು. 2019ರ ತಿದ್ದುಪಡಿಯ ಮೇಲೆ ಒಪ್ಪಿಗೆ ಇಲ್ಲದ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಇಷ್ಟು ಹಳೆಯ ಗಾಡಿಯನ್ನು ವರ್ಷ ವರ್ಷ ಟೆಸ್ಟಿಗೆ ಕೊಡಬೇಕು. ಅಲ್ಲಿ ಎಂಜಿನ್ ನಂಬರ್ ನೋಡಿದರೆ ಏನು ಹೇಳುವುದು? ಅಪಘಾತವಾದರೆ ಇನ್ಶೂರೆನ್ಸ್ ಮುಂದೆ ಏನು ಹೇಳುವುದು? "ಯಾರೂ ನೋಡುವುದಿಲ್ಲ" ಎಂದು ಗ್ಯಾರೇಜಿನವರು ಹೇಳಿದ್ದರು. ಆದರೆ ಆರ್‌ಸಿಯಲ್ಲಿ ಹೆಸರು ಇರುವುದು ನನ್ನದು.

ಕೊನೆಗೆ ಹಳೆಯ ಎಂಜಿನನ್ನೇ ಮಾಡಿಸಿದೆ. ಲೈನರ್, ಪಿಸ್ಟನ್, ರಿಂಗ್, ಬೇರಿಂಗ್, ಹೆಡ್ ಕೆಲಸ. ಡೀಸೆಲ್ ಪಂಪ್ ಮತ್ತು ಡೀಸೆಲ್ ಸಿಂಪಡಿಸುವ ನೋಝಲ್ ಮಂಗಳೂರಿಗೆ ಕೊಟ್ಟು ಸರಿಯಾದ ಅಳತೆಗೆ ಕೂರಿಸಿದೆವು. ಕ್ಲಚ್ ಪ್ಲೇಟ್ ಹೊಸದು. ಒಟ್ಟು 82,000 ರೂಪಾಯಿ, ಗಾಡಿ 18 ದಿನ ನಿಂತಿತ್ತು. ಮೊದಲ ಸಾವಿರ ಕಿಲೋಮೀಟರ್ ಲೋಡ್ ಕಡಿಮೆ ಹಾಕಿ ಓಡಿಸಿ ಆಯಿಲ್ ಬದಲಿಸಿದೆ. ಅದರ ಮೇಲೆ ಈಗ ಒಂದೂವರೆ ವರ್ಷವಾಯಿತು. ಲೀಟರಿಗೆ 7ಕ್ಕೆ ಇಳಿದಿದ್ದ ಮೈಲೇಜ್ 9ರ ಹತ್ತಿರ ಇದೆ. ಕಪ್ಪು ಹೊಗೆ ಇಲ್ಲ. ಏರ್ ಫಿಲ್ಟರ್ ಈಗ ಪ್ರತಿ ಭಾನುವಾರ ನಾನೇ ತೆಗೆದು ನೋಡುತ್ತೇನೆ.

ಇನ್ನೊಂದು ವಿಷಯವನ್ನು ಮುಚ್ಚಿಡದೆ ಹೇಳಬೇಕು. ಎಂಜಿನ್ ಆದ ಮೇಲೆ ಒಮ್ಮೆ ತೂಕ ಹಾಕಿಸಿದೆ. ನಾನು ವರ್ಷಗಟ್ಟಲೆ ಆರ್‌ಸಿಯಲ್ಲಿ ಇರುವುದಕ್ಕಿಂತ ಜಾಸ್ತಿಯೇ ಹೇರುತ್ತಿದ್ದೆ. ಒಂದು ಕೆಂಪುಕಲ್ಲು ಸುಮಾರು 30 ಕಿಲೋ. ಮಳೆಗಾಲದಲ್ಲಿ ಅದು ನೀರು ಕುಡಿದು ಇನ್ನೂ ಭಾರವಾಗುತ್ತದೆ. ಕಲ್ಲಿನ ಲೆಕ್ಕ ಮಾಡುತ್ತಿದ್ದೆನೇ ಹೊರತು ತೂಕದ ಲೆಕ್ಕ ಮಾಡಿರಲಿಲ್ಲ. ಈಗ ಟ್ರಿಪ್ಪಿಗೆ 20 ಕಲ್ಲು ಕಡಿಮೆ ಮಾಡಿದ್ದೇನೆ, ಮಳೆಯಲ್ಲಿ ಇನ್ನೂ ಕಡಿಮೆ.

ಗಾಡಿಯ ಕೊರತೆಗಳು ಹಾಗೆಯೇ ಇವೆ. ಪವರ್ ಸ್ಟಿಯರಿಂಗ್ ಇಲ್ಲ, ಸಣ್ಣ ತಿರುವಿನಲ್ಲಿ ತೋಳು ಸೋಲುತ್ತದೆ. ಬೇಸಿಗೆಯಲ್ಲಿ ಕ್ಯಾಬಿನ್ ಒಳಗೆ ಕಾಲು ಸುಡುತ್ತದೆ. ನಮ್ಮ ಮಳೆಗೆ ಬಾಗಿಲಿನ ಅಡಿ ಎರಡು ಸಲ ತುಕ್ಕು ಹಿಡಿದು ವೆಲ್ಡ್ ಮಾಡಿಸಿದ್ದೇನೆ. ಹೈವೇಯಲ್ಲಿ ಹೊಸ ಪಿಕಪ್‌ಗಳ ಜೊತೆ ಓಡಲು ಆಗುವುದಿಲ್ಲ. ದಿನಾ ತಲಪಾಡಿ ದಾಟಿ ಮಂಗಳೂರಿಗೆ ಓಡುವ ಬಾಡಿಗೆ ಇದ್ದವರು ಈ ಗಾಡಿಗೆ ದುಡ್ಡು ಹಾಕುವುದು ಬೇಡ, ಟರ್ಬೊ ಇರುವ ಹೊಸ ಗಾಡಿಯನ್ನೇ ನೋಡಿ. ನನ್ನ ಹಾಗೆ 30 ಕಿಲೋಮೀಟರ್ ಒಳಗೆ, ಗುಡ್ಡೆ ದಾರಿಯಲ್ಲಿ ದುಡಿಯುವವರಾದರೆ, ಬೇರೆ ಎಂಜಿನ್ ಹುಡುಕುವ ಮೊದಲು ಒಮ್ಮೆ ಕಂಪ್ರೆಷನ್ ನೋಡಿಸಿ.

ಮೊನ್ನೆ ಭಾವನೇ ಗಾಡಿ ಓಡಿಸಿಕೊಂಡು ಬಂದ, ಅಡಿಕೆ ಮೂಟೆ ತುಂಬಿತ್ತು. ಎರಡನೇ ತಿರುವಿನಲ್ಲಿ ಸೆಕೆಂಡ್ ಗೇರಿನಲ್ಲೇ ಹತ್ತಿತಂತೆ.