ಜಲ್ಲಿ, ಧೂಳು, ಕ್ಯೂರಿಂಗ್ ನೀರು: ಒಂದರ ಮೇಲೊಂದು ಕೂರುವ ಟೂಲ್ ಬಾಕ್ಸ್ ಬಗ್ಗೆ

ನಾನು ತುಮಕೂರಿನಲ್ಲಿ ಮನೆ ವೈರಿಂಗ್ ಮತ್ತು ತಾರಸಿ ಸೋಲಾರ್ ಕೆಲಸ ಮಾಡುತ್ತೇನೆ. ಒಂದರ ಮೇಲೊಂದು ಕೂರಿಸಿ ಲಾಕ್ ಮಾಡುವ ಪ್ಲಾಸ್ಟಿಕ್ ಟೂಲ್ ಬಾಕ್ಸ್ ಸೆಟ್ ತಗೊಂಡಿದ್ದೇನೆ. ಮೂರು ಪೆಟ್ಟಿಗೆ, ಕೆಳಗಿನದಕ್ಕೆ ಚಕ್ರ, ಎಳೆಯೋಕೆ ಉದ್ದ ಹಿಡಿ. ಬೇಸಿಗೆ, ಮಳೆಗಾಲ ಎರಡರಲ್ಲೂ ಸೈಟಿನಲ್ಲಿ ದುಡಿದಿದೆ. ಹಾಗಾಗಿ ಈಗ ಬರೆಯುತ್ತಿದ್ದೇನೆ. ದಿನಾ ಸೈಟಿಗೆ ಹೋಗುವವರಿಗೆ ಇದು ನಿಜಕ್ಕೂ ಒಳ್ಳೆಯ ವಸ್ತು. ಆದರೆ ಅಂಗಡಿಯಲ್ಲಿ ಹೇಳುವ ಕಾರಣ ಬೇರೆ, ನನಗೆ ಉಪಯೋಗಕ್ಕೆ ಬಂದ ಕಾರಣ ಬೇರೆ.

ಅಂಗಡಿಯವರು ಮೊದಲು ಹೇಳುವುದು ಗಟ್ಟಿತನ. "ಮೇಲೆ ನಿಂತ್ಕೊಳಿ ಅಣ್ಣ, ಏನೂ ಆಗಲ್ಲ" ಅಂತಾರೆ. ಗಟ್ಟಿ ಇದೆ, ಸರಿ. ಆದರೆ ಗಟ್ಟಿ ಪೆಟ್ಟಿಗೆ ನಮಗೆ ಹೊಸದಲ್ಲ. ತಪಾರಿಯಾದವರ ಐದು ತಟ್ಟೆಯ ಕಬ್ಬಿಣದ ಪೆಟ್ಟಿಗೆ ನಮ್ಮ ಕಡೆ ಎಷ್ಟೋ ಮೆಕ್ಯಾನಿಕ್‌ಗಳ ಹತ್ತಿರ ತಲೆಮಾರು ದಾಟಿ ಬಂದಿದೆ. ತೆರೆದರೆ ಎರಡೂ ಕಡೆ ಮೆಟ್ಟಿಲಿನ ಹಾಗೆ ಬಿಚ್ಚಿಕೊಳ್ಳುತ್ತದೆ, ಎಲ್ಲಾ ಕಣ್ಣಿಗೆ ಕಾಣುತ್ತದೆ. ಇವತ್ತಿಗೂ ಅದನ್ನು ನೋಡಿದರೆ ನನಗೆ ಗೌರವ. ಎಲೆಕ್ಟ್ರಿಕಲ್ ಕೆಲಸಕ್ಕೆ ಅದರಲ್ಲಿ ಎರಡು ತೊಂದರೆ. ಒಂದು, ಕಬ್ಬಿಣದಲ್ಲಿ ಕರೆಂಟು ಹರಿಯುತ್ತದೆ. ತೆರೆದ ಪ್ಯಾನೆಲ್ ಪಕ್ಕದಲ್ಲಿ ಅದನ್ನು ಇಡೋಕೆ ನನಗೆ ಇಷ್ಟವಿಲ್ಲ. ಇನ್ನೊಂದು, ಅದು ಒಂದೇ ಪೆಟ್ಟಿಗೆ. ಎರಡನೇ ಮಹಡಿಯಲ್ಲಿ ಒಂದು ಸ್ವಿಚ್ ಬೋರ್ಡ್ ಕಟ್ಟಬೇಕಾದರೂ ಸುತ್ತಿಗೆ, ಉಳಿ, ಸ್ಪಾನರ್ ಎಲ್ಲಾ ಹೊತ್ತುಕೊಂಡೇ ಹೋಗಬೇಕು. ಇಲ್ಲ ಅಂದರೆ ಸಿಮೆಂಟ್ ಚೀಲದಲ್ಲಿ ಬೇಕಾದ್ದು ತುಂಬಿಕೊಂಡು ಹೋಗಿ, ಮರೆತದ್ದಕ್ಕೆ ಮತ್ತೆ ಇಳಿಯಬೇಕು.

ಇಲ್ಲೇ ಈ ಪೆಟ್ಟಿಗೆಗಳ ಬೆಲೆ ತಿಳಿಯುವುದು. ಇವನ್ನು ಜೋಡಿಸೋಕೆ ಬರುತ್ತದೆ ಅನ್ನುವುದಕ್ಕಿಂತ ಬಿಡಿಸೋಕೆ ಬರುತ್ತದೆ ಅನ್ನುವುದೇ ದೊಡ್ಡ ಲಾಭ. ಗಾಡಿಯಿಂದ ಸೈಟಿನ ಬಾಗಿಲವರೆಗೆ ಮೂರೂ ಒಟ್ಟಿಗೆ ಬರುತ್ತವೆ. ಅಲ್ಲಿಂದ ಮೇಲಕ್ಕೆ ಹೋಗುವುದು ಆ ಹೊತ್ತಿನ ಕೆಲಸಕ್ಕೆ ಬೇಕಾದ ಒಂದೇ ಪೆಟ್ಟಿಗೆ. ಜೊತೆಗಿರುವ ಹುಡುಗ ಕೇಳುವ ಪ್ರಶ್ನೆಯೇ ಬದಲಾಗಿದೆ. ಮೊದಲು "ಅಣ್ಣ, ಏನೇನ್ ತರ್ಲಿ?" ಅಂತಿದ್ದ. ಈಗ "ಅಣ್ಣ, ಬೋರ್ಡಿಂದಾ, ಕಟಿಂಗ್‌ದಾ?" ಅಂತಾನೆ. ಅಷ್ಟೇ ಸಾಕು.

ಇದು ಆಗಬೇಕಾದರೆ ತುಂಬುವ ರೀತಿ ಬೇರೆ ಇರಬೇಕು. ಎಲ್ಲಾ ಪ್ಲೇಯರ್ ಒಂದು ಕಡೆ, ಎಲ್ಲಾ ಸ್ಕ್ರೂಡ್ರೈವರ್ ಒಂದು ಕಡೆ ಅಂತ ತುಂಬಿದರೆ ನೋಡೋಕೆ ಚೆನ್ನಾಗಿರುತ್ತದೆ, ಆದರೆ ಪ್ರತಿ ಕೆಲಸಕ್ಕೂ ಮೂರೂ ಪೆಟ್ಟಿಗೆ ತೆರೆಯಬೇಕಾಗುತ್ತದೆ. ನಾನು ಕೆಲಸದ ಪ್ರಕಾರ ತುಂಬುತ್ತೇನೆ. ಕೆಳಗಿನದು ಗೋಡೆ ಕಟಿಂಗ್ ಮತ್ತು ಪೈಪ್ ಹಾಕುವ ಕೆಲಸಕ್ಕೆ: ಹ್ಯಾಮರ್ ಡ್ರಿಲ್, ಕಟಿಂಗ್ ಮೆಷಿನ್, ಉಳಿ, ಸುತ್ತಿಗೆ, ಪೈಪ್ ಬಗ್ಗಿಸುವ ಸ್ಪ್ರಿಂಗ್, ಎಕ್ಸ್‌ಟೆನ್ಷನ್ ಬೋರ್ಡ್. ಭಾರ ಯಾವತ್ತೂ ಕೆಳಗೇ ಇರಬೇಕು, ಇಲ್ಲದಿದ್ದರೆ ತಿರುವಿನಲ್ಲಿ ಪೂರ್ತಿ ವಾಲುತ್ತದೆ. ನಡುವಿನದು ವೈರ್ ಎಳೆದು ಬೋರ್ಡ್ ಕಟ್ಟುವುದಕ್ಕೆ. ಮೇಲಿನದು ಸೋಲಾರ್‌ಗೆ ಮತ್ತು ಟೆಸ್ಟಿಂಗ್‌ಗೆ: ಕ್ಲ್ಯಾಂಪ್ ಮೀಟರ್, ವೈರಿನ ಇನ್ಸುಲೇಷನ್ ನೋಡುವ ಮೆಗ್ಗರ್, ಸೋಲಾರ್ ಪ್ಯಾನೆಲ್ ವೈರ್ ಜೋಡಿಸುವ ಎಂಸಿ4 ಕನೆಕ್ಟರ್, ಅದರ ಕ್ರಿಂಪಿಂಗ್ ಟೂಲ್. ಕಟಿಂಗ್ ಪ್ಲೇಯರ್, ಟೆಸ್ಟರ್, ಇನ್ಸುಲೇಷನ್ ಟೇಪ್ ಪ್ರತಿ ಪೆಟ್ಟಿಗೆಯಲ್ಲೂ ಒಂದೊಂದು ಇವೆ. ಇದು ದುಂದು ಅಲ್ಲ. ಒಂದು ಪ್ಲೇಯರ್ ಬೆಲೆಗಿಂತ ಹತ್ತಿ ಇಳಿಯುವ ಹೊತ್ತು ಜಾಸ್ತಿ ದುಬಾರಿ.

ಈಗ ಧೂಳು, ನೀರಿನ ವಿಷಯ. ಪೆಟ್ಟಿಗೆ ಮೇಲೆ ಐಪಿ65 ಅಥವಾ ಐಪಿ54 ಅಂತ ಬರೆದಿರುತ್ತದೆ. ಸುಮಾರು ಜನ ಅದನ್ನು ಓದುವುದೇ ಇಲ್ಲ. ನಮ್ಮ ಕೆಲಸಕ್ಕೆ ಬಣ್ಣ, ಹೆಸರಿಗಿಂತ ಅದೇ ಮುಖ್ಯ. ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. 6 ಅಂದರೆ ಧೂಳು ಒಳಗೆ ಹೋಗುವುದೇ ಇಲ್ಲ. 5 ಅಂದರೆ ಧೂಳು ಸ್ವಲ್ಪ ಹೋಗಬಹುದು, ಆದರೆ ಕೆಲಸ ಕೆಡಿಸುವಷ್ಟಲ್ಲ. ನೀರಿನ ಕಡೆ 4 ಅಂದರೆ ಸಿಡಿದ ನೀರು ತಡೆಯುತ್ತದೆ, 5 ಅಂದರೆ ಪೈಪಿನಿಂದ ಜೋರಾಗಿ ಬಿಟ್ಟ ನೀರನ್ನೂ ತಡೆಯುತ್ತದೆ. ಡಿವಾಲ್ಟ್‌ನ ಟಫ್‌ಸಿಸ್ಟಮ್ 2.0, ಮಿಲ್ವಾಕಿಯ ಪ್ಯಾಕ್‌ಔಟ್ ದೊಡ್ಡ ಪೆಟ್ಟಿಗೆಗಳು ಐಪಿ65. ಡಿವಾಲ್ಟ್‌ನದೇ ಸಣ್ಣ ಟಿಸ್ಟ್ಯಾಕ್ ಐಪಿ54.

ಯಾವುದು ಬೇಕು ಅನ್ನುವುದು ನಿಮ್ಮ ಸೈಟ್ ನೋಡಿ ತೀರ್ಮಾನ ಮಾಡಬೇಕು. ಹೊಸ ಮನೆ ಕೆಲಸದಲ್ಲಿ ಬೆಳಿಗ್ಗೆ ಗಾರೆಯವರು ಗೋಡೆಗೆ ಪೈಪಿನಲ್ಲಿ ನೀರು ಬಿಟ್ಟು ಕ್ಯೂರಿಂಗ್ ಮಾಡುತ್ತಾರೆ. ಅವರಿಗೆ ನಮ್ಮ ಪೆಟ್ಟಿಗೆ ಎಲ್ಲಿದೆ ಅನ್ನುವ ಚಿಂತೆ ಇರಲ್ಲ, ಇರಬೇಕಾಗಿಯೂ ಇಲ್ಲ. ಅದೇ ಗೋಡೆಯಲ್ಲಿ ನಾವು ಮಧ್ಯಾಹ್ನ ಕಟಿಂಗ್ ಹೊಡೆದರೆ ಏಳುವ ಧೂಳು ಮೈದಾ ಹಿಟ್ಟಿಗಿಂತ ನುಣ್ಣಗಿರುತ್ತದೆ. ಅಂದರೆ ಬೆಳಿಗ್ಗೆ ಎರಡನೇ ಅಂಕಿಗೆ ಪರೀಕ್ಷೆ, ಮಧ್ಯಾಹ್ನ ಮೊದಲನೇ ಅಂಕಿಗೆ. ಇಂಥ ಕಡೆ ಐಪಿ65 ಬೇಕೇ ಬೇಕು. ಮುಗಿದ ಮನೆಗಳಲ್ಲಿ ಬರೀ ಸರ್ವಿಸ್ ಮಾಡುವವರಿಗೆ ಐಪಿ54 ಧಾರಾಳವಾಗಿ ಸಾಕು, ಹಣವೂ ಉಳಿಯುತ್ತದೆ. ಎರಡರಲ್ಲಿ ಯಾವುದೂ ನೀರಿನಲ್ಲಿ ಮುಳುಗಿಸೋಕೆ ಅಲ್ಲ. ಅದಕ್ಕೆ ಎರಡನೇ ಅಂಕಿ 7 ಇರಬೇಕು.

ಧೂಳಿನ ಬಗ್ಗೆ ನನಗೆ ಇಷ್ಟು ಕಾಳಜಿ ಇರೋದು ಸೋಲಾರ್ ಕೆಲಸದಿಂದ. ಪಾವಗಡದ ತಿರುಮಣಿ ಕಡೆ 13 ಸಾವಿರ ಎಕರೆಯಲ್ಲಿ 2050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ, ಗೊತ್ತಲ್ಲ. ಆ ಕಡೆ ಬೇಸಿಗೆಯಲ್ಲಿ ಗಾಳಿ ಎದ್ದರೆ ಕೆಂಪು ಧೂಳು ಚಹಾ ಲೋಟಕ್ಕೂ ಬೀಳುತ್ತದೆ. ಎಂಸಿ4 ಕನೆಕ್ಟರ್‌ನ ಪಿನ್ನಿಗೆ ಅಂಥ ಧೂಳು ಮೆತ್ತಿದರೆ ಕಣ್ಣಿಗೆ ಏನೂ ಕಾಣಲ್ಲ. ಕನೆಕ್ಷನ್ ಆಗುತ್ತದೆ, ವೋಲ್ಟೇಜ್ ಸರಿಯಾಗಿ ತೋರಿಸುತ್ತದೆ. ಆದರೆ ಆ ಜಾಗದಲ್ಲಿ ರೆಸಿಸ್ಟೆನ್ಸ್ ಜಾಸ್ತಿಯಾಗುತ್ತದೆ. ಕರೆಂಟು ಹರಿದಾಗ ಅಲ್ಲಿ ಬಿಸಿ. ದಿನಾ ಬಿಸಿಲಿನಲ್ಲಿ ಬಿಸಿಯಾಗಿ ಕೊನೆಗೆ ಪ್ಲಾಸ್ಟಿಕ್ ಕರಗುತ್ತದೆ, ಬೆಂಕಿಯೂ ಹತ್ತಬಹುದು. 2024ರ ಫೆಬ್ರವರಿಯಲ್ಲಿ ಮನೆ ತಾರಸಿ ಸೋಲಾರ್‌ಗೆ ಕೇಂದ್ರದ ಪಿಎಂ ಸೂರ್ಯಘರ್ ಯೋಜನೆ ಬಂತು. 3 ಕಿಲೋವ್ಯಾಟ್‌ಗೆ 78 ಸಾವಿರ ಸಬ್ಸಿಡಿ ಇದೆ. ಅದರಿಂದ ಮನೆ ತಾರಸಿಗಳ ಮೇಲೂ ಈ ಕನೆಕ್ಟರ್‌ಗಳು ಬಂದಿವೆ. ಕೆಳಗೆ ಮಕ್ಕಳು ಮಲಗಿರುವ ಮನೆ ಅದು. ಹಾಗಾಗಿ ಕನೆಕ್ಟರ್ ಇಡುವ ಪೆಟ್ಟಿಗೆಗೆ ಧೂಳು ಹೋಗಬಾರದು ಅಂದರೆ ಹೋಗಬಾರದು.

ಆದರೆ ಆ 65 ಅನ್ನುವ ಅಂಕಿ ನಿಂತಿರುವುದು ಮುಚ್ಚಳದ ಸುತ್ತ ಇರುವ ಸಣ್ಣ ರಬ್ಬರ್ ವಾಶರ್ ಮೇಲೆ. ಅದರ ಮೇಲೆ ಒಂದು ಮರಳಿನ ಕಾಳು ಕೂತರೂ ಅಲ್ಲಿ ಸಂದು ಬೀಳುತ್ತದೆ. ಸಂಜೆ ಮುಚ್ಚುವ ಮೊದಲು ಒಣ ಬಟ್ಟೆಯಲ್ಲಿ ವಾಶರ್ ಒಂದು ಸುತ್ತು ಒರೆಸಬೇಕು. ಇದು ನಮ್ಮ ಹುಡುಗನ ಕೆಲಸ, ತಪ್ಪದೆ ಮಾಡುತ್ತಾನೆ. ವಾಶರ್‌ಗೆ ಎಣ್ಣೆ, ಗ್ರೀಸ್ ಹಚ್ಚಬೇಡಿ, ಧೂಳನ್ನು ಇನ್ನಷ್ಟು ಹಿಡಿದುಕೊಳ್ಳುತ್ತದೆ.

ಗಾಳಿ ಆಡದ ಪೆಟ್ಟಿಗೆಗೆ ಇನ್ನೊಂದು ಮುಖವೂ ಇದೆ. ನೀರು ಹೊರಗಿನಿಂದ ಬರಲ್ಲ, ಆದರೆ ಒಳಗಿನದು ಹೊರಗೂ ಹೋಗಲ್ಲ. ಮಳೆಯಲ್ಲಿ ನೆನೆದ ಪ್ಲೇಯರ್ ಹಾಗೇ ಇಟ್ಟು ಮುಚ್ಚಿದರೆ ಬೆಳಿಗ್ಗೆ ತುಕ್ಕು. ಒರೆಸಿ ಇಡಿ, ಮನೆಗೆ ಬಂದ ಮೇಲೆ ಮುಚ್ಚಳ ತೆರೆದಿಡಿ, ಸಿಲಿಕಾ ಜೆಲ್ ಪೊಟ್ಟಣ ಒಂದೆರಡು ಹಾಕಿ. ಬೇಸಿಗೆಯಲ್ಲಿ ಬೇರೆ ಕಥೆ. ಈ ಪೆಟ್ಟಿಗೆಗಳು ಹೆಚ್ಚಾಗಿ ಕಪ್ಪು. ತಾರಸಿ ಬಿಸಿಲಿಗೆ ಇಟ್ಟರೆ ಒಳಗೆ ಒಲೆ ಹಚ್ಚಿದಂತಾಗುತ್ತದೆ. ಡ್ರಿಲ್‌ನ ಲಿಥಿಯಂ ಬ್ಯಾಟರಿ ಜೊತೆ ಬರುವ ಪುಸ್ತಕ ನೋಡಿ. 40 ಡಿಗ್ರಿಗಿಂತ ಜಾಸ್ತಿ ಬಿಸಿಯಲ್ಲಿ ಇಡಬೇಡಿ ಅಂತ ಕೆಲವರು, 50 ಅಂತ ಇನ್ನು ಕೆಲವರು ಬರೆದಿರುತ್ತಾರೆ. ಮುಚ್ಚಿದ ಕಪ್ಪು ಪೆಟ್ಟಿಗೆ ಅದನ್ನು ಬೇಗ ದಾಟುತ್ತದೆ. ನಾವು ವಾಟರ್ ಟ್ಯಾಂಕಿನ ನೆರಳಿಗೆ ಇಟ್ಟು, ಮೇಲೊಂದು ಬಿಳಿ ಚೀಲ ಹೊದಿಸುತ್ತೇವೆ.

ಕೊಳ್ಳುವಾಗ ಆನ್‌ಲೈನ್ ಫೋಟೋ ನಂಬಬೇಡಿ, ಅಂಗಡಿಗೆ ಹೋಗಿ ಕೈಯಲ್ಲಿ ಹಿಡಿದು ನೋಡಿ. ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಒಂದು ಸಲ ಹೋಗಿ ಬಂದರೂ ನಷ್ಟವಿಲ್ಲ. ಎರಡು ಪೆಟ್ಟಿಗೆ ಜೋಡಿಸಿ, ಮೇಲಿನದರ ಹಿಡಿ ಹಿಡಿದು ಎರಡನ್ನೂ ಎತ್ತಿ, ಅಲ್ಲಾಡಿಸಿ. ಗಡಗಡ ಅಂದರೆ ಬಿಡಿ. ಆ ಆಟ ದಿನ ಕಳೆದಂತೆ ಜಾಸ್ತಿಯಾಗುತ್ತದೆಯೇ ಹೊರತು ಕಡಿಮೆ ಆಗಲ್ಲ. ಲಾಚ್‌ಗಳನ್ನು ಹತ್ತಾರು ಸಲ ತೆರೆದು ಹಾಕಿ. ಲಾಚ್ ಮತ್ತು ಹಿಂಜ್‌ಗೆ ಕಬ್ಬಿಣದ ಪಿನ್ ಇದೆಯಾ ನೋಡಿ. ಬರೀ ಪ್ಲಾಸ್ಟಿಕ್ ಗುಬಟು ಆದರೆ ಮೊದಲು ಮುರಿಯುವುದು ಅದೇ. ನನ್ನ ಪರಿಚಯದವರೊಬ್ಬರು ಆನ್‌ಲೈನ್‌ನಲ್ಲಿ ತರಿಸಿದ ಅಗ್ಗದ ಸೆಟ್ಟಿನ ಲಾಚ್ ಗಾಡಿಯಿಂದ ಇಳಿಸುವಾಗಲೇ ಕಿತ್ತು ಬಂತು, ಡ್ರಿಲ್ ರಸ್ತೆಗೆ ಬಿತ್ತು. ಪೆಟ್ಟಿಗೆ ತಿರುಗಿಸಿ ತಳ ನೋಡಿ. ಮೂರು ಬಾಣದ ತ್ರಿಕೋನದೊಳಗೆ 5 ಇದ್ದು ಕೆಳಗೆ ಪಿಪಿ ಅಂತ ಇದ್ದರೆ ಅದು ಪಾಲಿಪ್ರೊಪಿಲೀನ್. ಬಿದ್ದರೆ ಬೇಗ ಒಡೆಯಲ್ಲ, ಸ್ವಲ್ಪ ಬಾಗಿ ತಡೆದುಕೊಳ್ಳುತ್ತದೆ. ಆದರೆ ವರ್ಷಗಟ್ಟಲೆ ಬಿಸಿಲಿನಲ್ಲೇ ಬಿಟ್ಟರೆ ಅದೂ ಬೆಳ್ಳಗಾಗಿ ಪುಡಿಪುಡಿ ಆಗುತ್ತದೆ.

ಯಾವ ಕಂಪನಿ ಅನ್ನುವುದು ಎಲ್ಲರೂ ಕೇಳುವ ಪ್ರಶ್ನೆ. ನನ್ನ ಸೆಟ್ಟಿನ ಹೆಸರು ಇಲ್ಲಿ ಬರೆಯುತ್ತಿಲ್ಲ, ಯಾಕೆಂದರೆ ನಿಮ್ಮ ಊರಲ್ಲಿ ಯಾವುದರ ಬಿಡಿ ಪೆಟ್ಟಿಗೆ, ಬಿಡಿ ಲಾಚ್ ಸಿಗುತ್ತದೋ ಅದೇ ನಿಮಗೆ ಸರಿ. ಒಂದು ಮಾತು ಮಾತ್ರ ನೆನಪಿಡಿ. ಬೇರೆ ಬೇರೆ ಕಂಪನಿಯ ಎಂಸಿ4 ಒಂದಕ್ಕೊಂದು ಸೇರಿಸಬಾರದು ಅಂತ ಸೋಲಾರ್ ಕೆಲಸದವರಿಗೆಲ್ಲ ಗೊತ್ತು, ಈ ಪೆಟ್ಟಿಗೆಗಳಿಗೂ ಅದೇ ನಿಯಮ. ಒಬ್ಬರದರ ಮೇಲೆ ಇನ್ನೊಬ್ಬರದು ಸಾಮಾನ್ಯವಾಗಿ ಲಾಕ್ ಆಗಲ್ಲ. ಅಷ್ಟೇ ಅಲ್ಲ, ಡಿವಾಲ್ಟ್‌ನದೇ ಟಿಸ್ಟ್ಯಾಕ್ ತಂದು ಅವರದೇ ಟಫ್‌ಸಿಸ್ಟಮ್ ಮೇಲೆ ಇಟ್ಟರೂ ನೇರವಾಗಿ ಲಾಕ್ ಆಗಲ್ಲ, ಎರಡರ ಅಳತೆಯೇ ಬೇರೆ. ಬಾಷ್‌ನವರ ಎಲ್-ಬಾಕ್ಸ್‌ನಲ್ಲಿ ತಳದ ಅಳತೆ ಒಂದೇ, 442ಕ್ಕೆ 357 ಮಿಲಿಮೀಟರ್. 102, 136, 238, 374 ಅನ್ನುವ ಮಾದರಿಗಳಲ್ಲಿ ಎತ್ತರ ಮಾತ್ರ ಬದಲಾಗುತ್ತದೆ. ಮೊದಲ ಪೆಟ್ಟಿಗೆ ಕೊಳ್ಳುವ ದಿನವೇ ಮುಂದಿನ ಪೆಟ್ಟಿಗೆಗಳನ್ನೂ ಆರಿಸಿದ ಹಾಗೆ. ಅದಕ್ಕೇ ಅವಸರ ಬೇಡ.

ನನಗೆ ಇಷ್ಟವಾಗದ್ದೂ ಇದೆ. ಚಕ್ರ. ಟೈಲ್ಸ್ ನೆಲದ ಮೇಲೆ ಮಜವಾಗಿ ಓಡುತ್ತದೆ, ಅಲ್ಲಿ ಓಡಿದರೆ ನಮಗೇನು ಲಾಭ? ನಮ್ಮ ಸೈಟಿನ ಮುಂದೆ ಇರುವುದು ಜಲ್ಲಿ, ಎಂ-ಸ್ಯಾಂಡ್, ಸರಳಿನ ತುಂಡು. ಚಕ್ರ ಚಿಕ್ಕದಾದರೆ ಮರಳಿನಲ್ಲಿ ಹೂತು ನಿಲ್ಲುತ್ತದೆ. ಪ್ಯಾಕ್‌ಔಟ್‌ನ ಚಕ್ರದ ಪೆಟ್ಟಿಗೆಗೆ 9 ಇಂಚಿನ ಚಕ್ರ ಇದೆ, ಅಂಥ ಗಾತ್ರ ಇದ್ದರೆ ಪರವಾಗಿಲ್ಲ. ನನ್ನದು ಅದಕ್ಕಿಂತ ಚಿಕ್ಕದು, ಜಲ್ಲಿ ಬಂದರೆ ಇಬ್ಬರೂ ಎತ್ತಿಕೊಂಡೇ ದಾಟುತ್ತೇವೆ. ಇನ್ನೊಂದು, ಖಾಲಿ ಪೆಟ್ಟಿಗೆಯೇ ಭಾರ. ತುಂಬಿದ ಮೂರೂ ಜೋಡಿಸಿ ರೇಲಿಂಗ್ ಇಲ್ಲದ ಮೆಟ್ಟಿಲಲ್ಲಿ ಎಳೆದುಕೊಂಡು ಹೋಗೋದು ಅಪಾಯ, ದಯವಿಟ್ಟು ಮಾಡಬೇಡಿ. ಬಿಡಿಸಿಯೇ ಹೊತ್ತು ಹೋಗಿ. ಕೆಳಗಿನ ಪೆಟ್ಟಿಗೆ ತೆರೆಯಬೇಕಾದರೆ ಮೇಲಿನ ಎರಡನ್ನೂ ಇಳಿಸಬೇಕು, ಇದು ಮೇಲಿನಿಂದ ತೆರೆಯುವ ಎಲ್ಲಾ ಜೋಡಿಸುವ ಪೆಟ್ಟಿಗೆಗಳ ಹಣೆಬರಹ. ಕೆಲಸದ ಪ್ರಕಾರ ತುಂಬಿದರೆ ಈ ಕಷ್ಟ ತುಂಬಾ ಕಡಿಮೆ.

ಬೀಗ ಹಾಕೋಕೆ ತೂತು ಇದೆ, ಹಾಕುತ್ತೇನೆ. ಆದರೆ ಪೆಟ್ಟಿಗೆಯನ್ನೇ ಎತ್ತಿಕೊಂಡು ಹೋಗುವವರಿಗೆ ಬೀಗ ಏನೂ ಅಲ್ಲ. ಒಂದು ಚೈನ್ ತಗೊಂಡು ಹಿಡಿಗೆ ಸುತ್ತಿ ಕಂಬಕ್ಕೆ ಕಟ್ಟಿ. ಮೀಟರ್ ಇರುವ ಪೆಟ್ಟಿಗೆ ಮಾತ್ರ ರಾತ್ರಿ ಮನೆಗೆ ಬರಲಿ.

ನನ್ನ ಸೆಟ್ಟಿಗೆ 15 ಸಾವಿರದ ಆಸುಪಾಸು ಆಯಿತು. ಕೈಯಲ್ಲಿ ಗೂಡ್ಸ್ ಆಟೋ, ಓಮ್ನಿ, ಟಾಟಾ ಏಸ್ ಇದ್ದು ಹೊಸ ಬಿಲ್ಡಿಂಗ್ ಕೆಲಸ ಮಾಡುವವರು ಯೋಚನೆ ಮಾಡದೆ ತಗೊಳ್ಳಿ. ಮೊದಲಿಗೆ ಎರಡೇ ಸಾಕು, ಚಕ್ರದ್ದು ಒಂದು, ನಡುಗಾತ್ರದ್ದು ಒಂದು. ಬೈಕಿನಲ್ಲಿ, ಎಕ್ಸ್‌ಎಲ್‌ನಲ್ಲಿ ಓಡಾಡುವವರಿಗೆ ಸೆಟ್ ಬೇಡ. ಹಿಂದೆ ಕಟ್ಟಿದರೆ ಗಾಡಿ ಎಳೆದಾಡುತ್ತದೆ. ಅವರಿಗೆ ಒಳ್ಳೆಯ ಕ್ಯಾನ್ವಾಸ್ ಬ್ಯಾಗ್, ಜೊತೆಗೆ ಮೀಟರ್‌ಗೆ ಅಂತ ವಾಶರ್ ಇರುವ ಒಂದು ಸಣ್ಣ ಪೆಟ್ಟಿಗೆ ಚೆನ್ನಾಗಿ ಆಗುತ್ತದೆ. ಬಿಲ್ ಮಾಡಿಸುವ ಮುಂಚೆ ವಾಶರ್, ಲಾಚ್, ಚಕ್ರ ಬಿಡಿಯಾಗಿ ತರಿಸಿಕೊಡ್ತೀರಾ ಅಂತ ಅಂಗಡಿಯವರನ್ನು ಕೇಳಿ. "ಗೊತ್ತಿಲ್ಲ ಅಣ್ಣ" ಅಂದರೆ ಪಕ್ಕದ ಅಂಗಡಿಯಲ್ಲಿ ಕೇಳಿ.