ಎಟಿವಿ ಸೆಲ್ಫ್ ತಗೊಳ್ತಿಲ್ಲ ಅಂತ ಸೀದಾ ಬ್ಯಾಟ್ರಿ ಅಂಗಡಿಗೆ ಓಡ್ಬೇಡಿ, ನಾನು ಓಡಿ 13 ಸಾವಿರ ಕಳ್ಕೊಂಡೆ

ತೋಟಕ್ಕೆ ಅಂತ ಎಟಿವಿ (ಗುಡ್ಡ, ಕೆಸರಲ್ಲಿ ಓಡೋ ನಾಲ್ಕು ಚಕ್ರದ ಬೈಕ್ ತರದ ಗಾಡಿ) ಇಟ್ಕೊಂಡಿರೋರು, ಹೋಮ್‌ಸ್ಟೇನಲ್ಲಿ ಇಟ್ಕೊಂಡಿರೋರು ಒಂದ್ಸಲ ಓದಿ. ಈ ಮಳೆಗಾಲದಲ್ಲಿ ಎರಡು ಹೊಸ ಬ್ಯಾಟ್ರಿ, ಒಂದು ರೆಗ್ಯುಲೇಟರ್ (ಇಂಜಿನ್ ಕೊಡೋ ಕರೆಂಟನ್ನ ಬ್ಯಾಟ್ರಿಗೆ ಹದವಾಗಿ ಕಳಿಸೋ ಡಬ್ಬಿ), ಶಿವಮೊಗ್ಗಕ್ಕೆ ಪಿಕಪ್ ಬಾಡಿಗೆ ಅಂತ 13 ಸಾವಿರದ ಹತ್ರ ಸುರಿದೆ, ಕೊನೆಗೆ ಮೂಲ ಕಾಯಿಲೆ ಏನಪ್ಪಾ ಅಂದ್ರೆ ತುಕ್ಕು ಹಿಡಿದ ಒಂದು ಬೋಲ್ಟು. ಅಂಗಡಿ ಹೆಸರು ಹಾಕಲ್ಲ, ಕೇಳ್ಬೇಡಿ, ಅರ್ಧ ತಪ್ಪು ನಂದೂ ಇದೆ, ಅದನ್ನೂ ಮುಚ್ಚಿಡದೆ ಬರೀತೀನಿ.

ನಮ್ದು ತೀರ್ಥಹಳ್ಳಿ ಕಡೆ. ಮನೆ ಮೇಲೆ, ಅಡಿಕೆ ತೋಟ ಕೆಳಗೆ ಹಳ್ಳದ ಪಕ್ಕ, ಮಧ್ಯೆ ಕಡಿದಾದ ದರೆ ಇಳಿಬೇಕು. ಗೊಬ್ಬರ, ಅಡಿಕೆ ಕೊನೆ, ಔಷ್ದಿ ಡ್ರಮ್ಮು ಎಲ್ಲಾ ತಲೆ ಮೇಲೆ ಹೊರೋಕೆ ಈಗ ಜನ ಎಲ್ಲಿ ಸಿಗ್ತಾರೆ, ಅದಕ್ಕೆ ಎರಡು ವರ್ಷದ ಹಿಂದೆ ಒಂದು ಸೆಕೆಂಡ್ ಹ್ಯಾಂಡ್ ಎಟಿವಿ ತಗೊಂಡು ಹಿಂದೆ ಸಣ್ಣ ಟ್ರೈಲರ್ ಹಾಕಿಸ್ಕೊಂಡೆ. ನಂಬರ್ ಪ್ಲೇಟ್ ಇಲ್ಲದ ಗಾಡಿ, ರೋಡಿಗೆ ಇಳಿಸೋ ಹಾಗಿಲ್ಲ. ಅಂದ್ರೆ ಕೆಟ್ರೆ ಪಿಕಪ್ ಮೇಲೆ ಹೇರ್ಕೊಂಡೇ ಹೋಗ್ಬೇಕು, ನಮ್ಮಲ್ಲಿಂದ ಶಿವಮೊಗ್ಗ 60 ಕಿಲೋಮೀಟರ್ ಮೇಲೆ.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಬೆಳಿಗ್ಗೆ ಬಟನ್ ಒತ್ತಿದ್ರೆ ಕಟಕಟಕಟ ಅನ್ನೋ ಸದ್ದು, ಹೆಡ್‌ಲೈಟ್ ಮಂಕಾಗೋದು, ಎರಡು ಮೂರು ಸಲ ಒತ್ತಿದ ಮೇಲೆ ಹೆಂಗೋ ತಗೊಳ್ಳೋದು. ಬ್ಯಾಟ್ರಿಗೆ ಮೂರು ವರ್ಷ ಆಗಿತ್ತು, ಮುಗೀತು ಇದರ ಕಥೆ ಅಂತ ನಾನೇ ತೀರ್ಮಾನ ಮಾಡ್ಬಿಟ್ಟೆ. ಬೈಕ್ ಆಗಿದ್ರೆ ಎರಡನೇ ಗೇರಿಗೆ ಹಾಕಿ ತಳ್ಳಿ ಸ್ಟಾರ್ಟ್ ಮಾಡ್ಬಹುದಿತ್ತು, ಇದು ಸ್ಕೂಟರ್ ತರ ಬೆಲ್ಟ್ ಗಾಡಿ, ಇಂಜಿನ್ ತಿರುಗದೆ ಕ್ಲಚ್ ಹಿಡಿಯಲ್ಲ, ಊರೆಲ್ಲಾ ಸೇರಿ ತಳ್ಳಿದ್ರೂ ಅಷ್ಟೇ.

ಬ್ಯಾಟ್ರಿ ಬಿಚ್ಚಿ ಚೀಲಕ್ಕೆ ಹಾಕ್ಕೊಂಡು ಬಸ್ ಹತ್ತಿ ಶಿವಮೊಗ್ಗಕ್ಕೆ ಹೋದೆ. ಅಂಗಡಿಯವ್ರು ಮಾಡಿದ ಟೆಸ್ಟ್ ಏನು ಗೊತ್ತಾ, ಒಂದು ವೈರ್ ತುಂಡು ತಗೊಂಡು ಎರಡೂ ಟರ್ಮಿನಲ್‌ಗೆ ಚಟ್ ಅಂತ ತಾಗಿಸಿದ್ರು, ಕಿಡಿ ನೋಡಿದ್ರು, "ಹೋಗಿದೆ ಸಾರ್" ಅಂದ್ರು. ವೋಲ್ಟ್ ನೋಡೋ ಮೀಟರ್ ಇಲ್ಲ, ಲೋಡ್ ಕೊಟ್ಟು ನೋಡೋ ಟೆಸ್ಟರ್ ಇಲ್ಲ. ಯಾರಾದ್ರೂ ನಿಮ್ಮ ಬ್ಯಾಟ್ರಿಗೆ ಹಂಗೆ ಮಾಡಿದ್ರೆ ಕೈ ಹಿಡಿದು ನಿಲ್ಸಿ, ಬ್ಯಾಟ್ರಿಯಿಂದ ಹೈಡ್ರೋಜನ್ ಗ್ಯಾಸ್ ಬರುತ್ತೆ, ಕಿಡಿ ಬಿದ್ರೆ ಮುಖಕ್ಕೇ ಸಿಡಿಯೋ ಚಾನ್ಸ್ ಇದೆ. ಹಳೇದಕ್ಕೆ 300 ರೂಪಾಯಿ ಹಿಡಿದು ಹೊಸದು 2300ಕ್ಕೆ ಕೊಟ್ರು. ಒಣ ಬ್ಯಾಟ್ರಿ, ನನ್ನೆದುರೇ ಆಸಿಡ್ ಹುಯ್ದು ಮುಚ್ಚಳ ಒತ್ತಿ ಹತ್ತು ನಿಮಿಷಕ್ಕೆ ಬಿಸಿ ಬಿಸಿ ದೋಸೆ ತರ ಕೈಗೆ ಕೊಟ್ರು. ಆಸಿಡ್ ಹಾಕಿದ ಮೇಲೆ ಅದು ಸ್ವಲ್ಪ ಹೊತ್ತು ಹಂಗೇ ಕೂರ್ಬೇಕು, ಆಮೇಲೆ ನಿಧಾನವಾಗಿ ಪೂರ್ತಿ ಚಾರ್ಜ್ ಮಾಡಿಯೇ ಗಾಡಿಗೆ ಹಾಕ್ಬೇಕು, ಇಲ್ಲಾಂದ್ರೆ ಆ ಬ್ಯಾಟ್ರಿ ಜನ್ಮದಲ್ಲಿ ಪೂರ್ತಿ ಶಕ್ತಿಗೆ ಬರಲ್ಲ. ನಂಗೆ ಆಗ ಇದು ಗೊತ್ತಿಲ್ಲ, ಅವ್ರು ಹೇಳ್ಲಿಲ್ಲ. ವಾರಂಟಿ ಕಾರ್ಡಿಗೆ ತಾರೀಕು ಹಾಕಿ ಸೀಲ್ ಹೊಡೆದಿದಾರಾ ಅಂತ ನೋಡೋ ಬುದ್ಧಿನೂ ನಂಗೆ ಬರ್ಲಿಲ್ಲ.

ಈಗ ನನ್ನ ತಪ್ಪಿಗೆ ಬರೋಣ. ಮನೆಗೆ ಬಂದಾಗ ಸಂಜೆ, ಧೋ ಅಂತ ಮಳೆ, ಕೊಟ್ಟಿಗೆ ಮಾಡಿನ ಕೆಳಗೆ ಮೊಬೈಲ್ ಟಾರ್ಚ್ ಹಿಡ್ಕೊಂಡು ಫಿಟ್ ಮಾಡೋಕೆ ಕೂತೆ. ಎರಡೂ ವೈರು ಕೆಸರು ಹತ್ತಿ ಒಂದೇ ಬಣ್ಣ, ಪ್ಲಸ್ ಮೇಲಿನ ಕೆಂಪು ಕ್ಯಾಪ್ ಯಾವತ್ತೋ ಬಿದ್ದು ಹೋಗಿತ್ತು. ಎಡಗಡೆ ವೈರು ಎಡಕ್ಕೆ, ಬಲಗಡೆದು ಬಲಕ್ಕೆ ಅಂತ ಕೊಟ್ಟೆ. ಬ್ಯಾಟ್ರಿ ಅಳತೆ ಒಂದೇ ಇದ್ರೂ ಪ್ಲಸ್ ಎಡಕ್ಕಿರೋದು ಬೇರೆ, ಬಲಕ್ಕಿರೋದು ಬೇರೆ ಬರುತ್ತೆ ಮಾರಾಯ್ರೆ! ಅಂಗಡಿಯವ್ರು ಕೊಟ್ಟಿದ್ದು ಉಲ್ಟಾದ್ದು, ಅಂಗಡೀಲಿ ಹಳೇದು ಪಕ್ಕದಲ್ಲೇ ಇತ್ತು, ಇಟ್ಟು ನೋಡಿದ್ರೆ ಅರ್ಧ ನಿಮಿಷದ ಕೆಲಸ. ವೈರ್ ತಾಗಿದ್ದೇ ತಡ ಚಟಾರ್ ಅಂತ ಕಿಡಿ, ಮೇನ್ ಫ್ಯೂಸ್ ಹೋಯ್ತು. ಎದೆ ಧಸಕ್ ಅಂತು. ಆಮೇಲೆ ಪ್ಲಸ್ ಮೈನಸ್ ಗುರುತು ಸರಿಯಾಗಿ ನೋಡಿ, ಬ್ಯಾಟ್ರಿನ ಹಿಂದೆ ಮುಂದೆ ತಿರುಗಿಸಿ ಕೂರಿಸಿ, ಫ್ಯೂಸ್ ಬೇರೆ ಹಾಕಿ ಬಟನ್ ಒತ್ತಿದೆ, ಸ್ಟಾರ್ಟ್ ಆಯ್ತು. ಅಬ್ಬಾ ಬಚಾವ್ ಅಂತ ಹೋಗಿ ಮಲ್ಕೊಂಡೆ.

ಬಚಾವ್ ಎಲ್ಲಿ. ನಾಲ್ಕು ದಿನಕ್ಕೆ ಮತ್ತೆ ಕಟಕಟ. ಅಂಗಡಿಗೆ ಫೋನ್ ಮಾಡಿದ್ರೆ "ಗಾಡಿ ತಗೊಂಡು ಬನ್ನಿ ಸಾರ್". ಪಿಕಪ್ ಮಾಡಿ ಹೋಗಿ ಬಂದಿದ್ದಕ್ಕೇ 4500. ಅಲ್ಲಿ ಹೋದ್ರೆ "ನೀವು ರಿವರ್ಸ್ ಕೊಟ್ಟಿದೀರ, ವಾರಂಟಿ ಬರಲ್ಲ, ಅಲ್ಲದೆ ಈ ಗಾಡಿಗೆ ಇನ್ನೂ ದೊಡ್ಡ ಬ್ಯಾಟ್ರಿ ಬೇಕು" ಅಂತ 3400ದು ಇನ್ನೊಂದು ಹಾಕಿದ್ರು. ಅವ್ರ ಪಕ್ಕದ ಮೆಕ್ಯಾನಿಕ್ ಒಬ್ಬರು 600 ತಗೊಂಡು ಕೂರಿಸಿ ಸ್ಟಾರ್ಟ್ ಮಾಡಿ ತೋರಿಸಿದ್ರು, ಎಲ್ರೂ ಖುಷಿ. ಹೊಸ ಬ್ಯಾಟ್ರಿ ಫುಲ್ ಚಾರ್ಜ್ ಇದ್ದಾಗ ಗಾಡೀಲಿ ಬೇರೆ ದೋಷ ಇದ್ರೂ ಹೆಂಗೋ ಸ್ಟಾರ್ಟ್ ಆಗ್ಬಿಡಬಹುದು ಅನ್ನೋದು ಅಲ್ಲಿ ನಿಂತವ್ರಲ್ಲಿ ಒಬ್ಬರಿಗೂ ಹೊಳೀಲಿಲ್ಲ, ನಂಗೂ ಸೇರಿ.

ಅಡಿಕೆಗೆ ಕೊಳೆರೋಗ ಬರದ ಹಾಗೆ ಎರಡನೇ ಸಲ ಔಷ್ದಿ ಹೊಡೆಯೋ ದಿನ. ಪುಷ್ಯ ಮಳೆ ಒಂದು ದಿನ ಬಿಡುವು ಕೊಟ್ಟಿತ್ತು, ಔಷ್ದಿ ಹೊಡೆಯೋರು ಇಬ್ಬರು ಬಂದಿದ್ರು, ಮನೆ ಹತ್ರನೇ 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ ಒಂದು ಕೆಜಿ ಸುಣ್ಣ ಕಲಸಿ ಟ್ರೈಲರ್ ಮೇಲೆ ಡ್ರಮ್ ಇಟ್ಕೊಂಡು ಹೊರಟೆ. ದರೆ ತಿರುವಿನಲ್ಲಿ ಮೀಟರ್ ಬೋರ್ಡ್ ಮಿಣಮಿಣ ಅಂದು ಇಂಜಿನ್ ಆಫ್. ನಮ್ದು ಇಂಜೆಕ್ಷನ್ ಗಾಡಿ, ಟ್ಯಾಂಕಿಂದ ಇಂಜಿನ್‌ಗೆ ಪೆಟ್ರೋಲ್ ದೂಡೋ ಪಂಪಿಗೂ ಕರೆಂಟೇ ಬೇಕು, ಬ್ಯಾಟ್ರಿ ಇಳಿದ್ರೆ ಓಡ್ತಾ ಇದ್ದಂಗೇ ನಿಂತು ಹೋಗುತ್ತೆ. ಈ ಮೈಲುತುತ್ತ ಸುಣ್ಣದ ಬೋರ್ಡೋ ದ್ರಾವಣ ಮಾಡಿದ ದಿನವೇ ಹೊಡೀಬೇಕು, ಇಟ್ಕೊಳ್ಳೋಕೆ ಬರಲ್ಲ. ಕೊಡಪಾನದಲ್ಲಿ ಹೊತ್ತು ಹೊತ್ತು ಇಳಿಸಿದ್ವಿ, ಅರ್ಧ ದಿನ ಅದಕ್ಕೇ ಹೋಯ್ತು, ಕಾಲಿಗೆ ಇಂಬಳ (ಜಿಗಣೆ) ಹತ್ತಿದ್ದು ಎಷ್ಟು ಅಂತ ಎಣಿಸ್ಲಿಲ್ಲ. ಮಧ್ಯಾಹ್ನ ಮೇಲೆ ಮಳೆ ಬಂತು. ಕೊಳೆ ಬಂದ್ರೆ ಆ ನಷ್ಟ ಯಾವ ಲೆಕ್ಕಕ್ಕೆ ಬರೀಲಿ.

ಅವತ್ತು ರಾತ್ರಿ ಭಾವನಿಗೆ ಫೋನ್ ಮಾಡಿದೆ. ನಮ್ಮ ಭಾವ ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಮಾಡೋರು, ಎಟಿವಿ ಮುಟ್ಟಿದವ್ರೇ ಅಲ್ಲ. ಪೂರ್ತಿ ಕಥೆ ಕೇಳಿ "ಅಲ್ಲ ಮಾರಾಯ, ಇಷ್ಟೆಲ್ಲಾ ಮಾಡಿದ್ಯಲ್ಲ, ಯಾರಾದ್ರೂ ಒಬ್ರು ಮೀಟರ್ ಇಟ್ಟು ನೋಡಿದ್ರಾ?" ಅಂದ್ರು. ಇಲ್ಲ ಭಾವ ಅಂದೆ. ಅವ್ರು ಮುಂದೆ ಏನೂ ಮಾತಾಡ್ಲಿಲ್ಲ, ಭಾನುವಾರ ಚೀಲ ಹಿಡ್ಕೊಂಡು ಬಂದ್ರು.

ಮೊದಲು ಬ್ಯಾಟ್ರಿಗೆ ಮೀಟರ್ ಇಟ್ರು, 11.4 ವೋಲ್ಟ್. ಚಾರ್ಜ್ ತುಂಬಿ ಸುಮ್ನೆ ಕೂತಿರೋ ಬ್ಯಾಟ್ರಿ 12.6, 12.7 ತೋರಿಸ್ಬೇಕು, 12ಕ್ಕೆ ಬಂತು ಅಂದ್ರೇನೇ ಹೆಚ್ಚು ಕಮ್ಮಿ ಖಾಲಿ. ಸಣ್ಣ ಚಾರ್ಜರ್‌ಗೆ ರಾತ್ರಿಯೆಲ್ಲಾ ಹಾಕಿಟ್ವಿ, ಬ್ಯಾಟ್ರಿ ಮೇಲೆ ಬರೆದ ಆಂಪಿಯರ್ ಅವರ್‌ನ ಹತ್ತನೇ ಒಂದು ಭಾಗ ಆಂಪಿಯರ್ ಸಾಕು ಅಂತೆ, 14 ಇದ್ರೆ 1.4, ಕಾರಿನ ದೊಡ್ಡ ಚಾರ್ಜರ್ ಹಾಕಿ ಕುದಿಸ್ಬಾರ್ದು. ಬೆಳಿಗ್ಗೆ ಬಿಚ್ಚಿ ಕಾಫಿ ತಿಂಡಿ ಮುಗಿಸಿ ನೋಡಿದ್ರೆ 12.7, ಬ್ಯಾಟ್ರಿ ಚೆನ್ನಾಗೇ ಇದೆ. ಆದ್ರೂ ಸೆಲ್ಫ್ ಸುಸ್ತಾದ ಎತ್ತಿನ ತರ ತಿರುಗುತ್ತೆ. ಆಗ ಭಾವ ಮೀಟರ್‌ನ ಒಂದು ಕಡ್ಡಿ ಬ್ಯಾಟ್ರಿ ಮೈನಸ್ಸಿಗೆ, ಇನ್ನೊಂದು ಇಂಜಿನ್ ಮೈಗೆ ಹಿಡಿದು ನಂಗೆ ಬಟನ್ ಒತ್ತೋಕೆ ಹೇಳಿದ್ರು. 1.9 ವೋಲ್ಟ್ ತೋರಿಸ್ತು. ಅಲ್ಲಿ ಹೆಚ್ಚೂಂದ್ರೆ 0.2, 0.3 ಇರ್ಬೇಕಂತೆ. ಅಂದ್ರೆ ಸೆಲ್ಫಿಗೆ ಹೋಗ್ಬೇಕಾದ ಶಕ್ತಿ ದಾರೀಲೇ ಸೋರಿ ಹೋಗ್ತಾ ಇದೆ. ಮೈನಸ್ ವೈರ್ ಹಿಡ್ಕೊಂಡು ಹೋದ್ರೆ ಕೆಳಗೆ ಕೆಸರು ಮೆತ್ತಿದ ಜಾಗದಲ್ಲಿ ಆ ವೈರನ್ನ ಗಾಡಿ ಮೈಗೆ ಹಿಡಿದಿಡೋ ಅರ್ಥಿಂಗ್ ಬೋಲ್ಟು, ತುಕ್ಕು, ಹಸಿರು ಪುಡಿ, ಕೈಯಲ್ಲೇ ಅಲ್ಲಾಡುತ್ತೆ. ಬ್ಯಾಟ್ರಿ ಮೈನಸ್ ಮೊದಲು ಬಿಚ್ಚಿ (ಹಾಕುವಾಗ ಪ್ಲಸ್ ಮೊದಲು, ಇದು ಬಾಯಿಪಾಠ ಆಗಿರ್ಲಿ), ಮರಳು ಕಾಗದದಲ್ಲಿ ತಿಕ್ಕಿ, ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಬಳಿದ್ವಿ. ಮತ್ತೆ ಒತ್ತಿದ್ರೆ 0.1. ಬಟನ್ ಮುಟ್ಟಿದ್ದೇ ಸ್ಟಾರ್ಟ್! ಜೂನ್‌ನಲ್ಲಿ ಶುರುವಾದ ಕಾಯಿಲೆ ಇದೇ.

ಇಷ್ಟಕ್ಕೇ ಬಿಡ್ಲಿಲ್ಲ ಭಾವ. ಇಂಜಿನ್ ಓಡ್ತಾ ಇರುವಾಗ ಬ್ಯಾಟ್ರಿ ಮೇಲೆ ಮೀಟರ್ ಇಟ್ಟು ರೇಸ್ ಕೊಡು ಅಂದ್ರು, 14ರ ಆಸುಪಾಸು ಏರ್ಬೇಕು, ನಮ್ದು 12.4ರಿಂದ ಮೇಲೆ ಏಳ್ಲೇ ಇಲ್ಲ. ಮೀಟರ್‌ನ ಎಸಿ ವೋಲ್ಟ್‌ಗೆ ತಿರುಗಿಸಿ, ಇಂಜಿನ್ ಒಳಗೆ ಕರೆಂಟ್ ಹುಟ್ಟಿಸೋ ಕಾಯಿಲ್‌ನಿಂದ ಬರೋ ಮೂರು ಹಳದಿ ವೈರನ್ನ ಎರಡೆರಡು ಜೋಡಿ ನೋಡಿದ್ರು, ಮೂರೂ ಜೋಡಿ ಒಂದೇ ತರ, ಕಾಯಿಲ್ ಸರಿ ಇದೆ. ಉಳಿದಿದ್ದು ರೆಗ್ಯುಲೇಟರ್, ಅವತ್ತು ಉಲ್ಟಾ ಕೊಟ್ಟಾಗ ಅದರ ಒಳಗಿನ ಡಯೋಡು (ಕರೆಂಟನ್ನ ಒಂದೇ ದಿಕ್ಕಿಗೆ ಬಿಡೋ ಬಿಡಿಭಾಗ) ಸುಟ್ಟಿದೆ. ಅಂದ್ರೆ ಆವತ್ತಿಂದ ಗಾಡಿ ಚಾರ್ಜೇ ಮಾಡ್ತಿರ್ಲಿಲ್ಲ, ಇನ್ನೂ ನಾಲ್ಕು ಬ್ಯಾಟ್ರಿ ತಂದಿದ್ರೂ ನಾಲ್ಕೂ ಖಾಲಿ ಆಗ್ತಿದ್ವು. 2200 ಕೊಟ್ಟು ಕೊರಿಯರ್‌ನಲ್ಲಿ ತರಿಸಿ ಹಾಕಿದ್ವಿ, ಈಗ 14.2.

ನನ್ನ ಹೊಟ್ಟೆ ಉರಿಯೋದು ಆ 300 ರೂಪಾಯಿಗೆ ಗುಜರಿ ಲೆಕ್ಕಕ್ಕೆ ಕೊಟ್ಟ ಹಳೇ ಬ್ಯಾಟ್ರಿ ನೆನೆಸ್ಕೊಂಡ್ರೆ. ಅದು ಚೆನ್ನಾಗಿದ್ದಿರಬಹುದು, ಇನ್ನೊಂದು ವರ್ಷ ಬರ್ತಿತ್ತೋ ಏನೋ. ಆ ಮೊದಲನೇ ಹೊಸದು, ಚಾರ್ಜ್ ಮಾಡದೆ ಕೊಟ್ರಲ್ಲ ಅದು, ಈಗ ಜಗಲಿ ಮೂಲೇಲಿ ಕೂತಿದೆ, ಕರೆಂಟ್ ಹೋದಾಗ ಒಂದು ಎಲ್‌ಇಡಿ ಬಲ್ಬ್ ಉರಿಸುತ್ತೆ, ಅದೂ ಒಂದು ಗಂಟೆ. ಮೀಟರ್ ಒಂದು 350 ಕೊಟ್ಟು ತಂದು ಎಟಿವಿ ಸೀಟಿನ ಕೆಳಗೇ ಇಟ್ಟಿದೀನಿ. ಭಾವ ಬಂದಾಗೆಲ್ಲಾ ಸೀಟ್ ಎತ್ತಿ ಇದೆಯಾ ಅಂತ ನೋಡಿ ನಗ್ತಾರೆ.